ಅವ್ವನ ಕೈ ಮೇಲಿನ ಚೇಳು

ಹೋದ ತಿಂಗಳು ನಾನು ಕದ್ದ ಮಾಲು ಖರೀದಿ ಮಾಡಿದೆ. ಯಾವುದೋ ಸಂದಿಗೊಂದಿಯಲ್ಲಲ್ಲ, ಪಣಜಿಯ ಏಸಿ ಅಂಗಡಿಯಲ್ಲಿ. ಬಿಲ್ಲು ಮಾಡಿಸಿ, ಮೇಲೊಂದು ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಎದೆ ಉಬ್ಬಿಸಿ ಮನೆಗೆ ತಂದೆ.

ಆಫೀಸಿನ ಗೆಳೆಯನ ಮಗಳ ಬರ್ತ್‌ಡೇ ಇತ್ತು. ಈಗಿನ ಮಕ್ಕಳಿಗೆ ಏನು ಕೊಡೋದು ಹೇಳಿ? ಗೊಂಬೆ ಕೊಟ್ಟರೆ "ಇದೆ ಅಂಕಲ್" ಅಂತಾರೆ. ಪುಸ್ತಕ ಕೊಟ್ಟರೆ ಹರಳೆಣ್ಣೆ ಕುಡಿದವರ ಮುಖ ಮಾಡ್ತಾರೆ. ನನ್ನ ಪರದಾಟ ನೋಡಿ ಅಂಗಡಿಯ ಹುಡುಗಿ ಒಂದು ಡಬ್ಬಿ ತೋರಿಸಿದಳು. ಬೋರ್ಡ್ ಗೇಮ್. ನೋಡಿದರೆ ನಮ್ಮ ಪಗಡೆಯೇ. ಆದರೆ ಇಂಗ್ಲಿಷ್ ಹೆಸರು, ದಪ್ಪ ರಟ್ಟಿನ ಡಬ್ಬಿ, ಒಳಗೆ ಮಡಚಿಟ್ಟ ಬೋರ್ಡು, ಮರದ ಕಾಯಿ, ತೊಳೆದಿಟ್ಟ ಕವಡೆ.

"ಲೋಕಲ್ ಕಂಪನಿ ಸರ್. ಗಂಡ ಹೆಂಡತಿ ಇಬ್ಬರೇ ಸೇರಿ ಮಾಡ್ತಾರೆ. ತುಂಬಾ ಕಮ್ಮಿ ಪ್ರಿಂಟ್ ಮಾಡೋದು," ಅಂದಳು.

ಸಣ್ಣವರ ಬೆನ್ನು ತಟ್ಟೋಣ ಅಂತ ಖುಷಿಯಿಂದ ತಗೊಂಡೆ. (ನಮ್ಮಂಥವರಿಗೆ ಪುಣ್ಯ ಕಟ್ಟಿಕೊಳ್ಳೋಕೆ ಶಾಪಿಂಗ್‌ಗಿಂತ ಸಲೀಸಾದ ದಾರಿ ಇನ್ನೊಂದಿಲ್ಲ.)

ವಾಸ್ಕೋದ ಮನೆಗೆ ಬಂದು ಡಬ್ಬಿಯನ್ನು ಟೀಪಾಯ್ ಮೇಲಿಟ್ಟೆ. ನನ್ನಾಕೆ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. ಮುಚ್ಚಳದ ಮೇಲೆ ಬೋರ್ಡಿನ ದೊಡ್ಡ ಚಿತ್ರವಿತ್ತು. ರಿಬ್ಬನ್ ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ನೋಡಿದಳು.

"ಇದು ನಮ್ಮ ಶಾಂತವ್ವನ ಹಾಸು ಅಲ್ಲೇನ್ರಿ?"

"ಏ, ಪಗಡಿ ಹಾಸು ಎಲ್ಲಾ ಒಂದ ಥರಾ ಇರ್ತಾವ ಬಿಡ."

"ಚೇಳು ನೋಡ್ರಿ ಚೇಳು," ಅಂದಳು.

ನೋಡಿದೆ. ಅವಳು ಹೇಳಿದ್ದು ಖರೇ.

ಶಾಂತವ್ವ ಬಾದಾಮಿ ಕಡೆಯವಳು. ಗಂಡ ಇಲ್ಲಿನ ಬಂದರಿನಲ್ಲಿ ದಿನಗೂಲಿ. ಝುವಾರಿನಗರದಲ್ಲಿ ತಗಡಿನ ಸೂರಿನ ಒಂದೇ ಖೋಲಿ. ಮಳೆಗಾಲದಲ್ಲಿ ನಮ್ಮ ಮನೆಗೆ ಖಡಕ್ ರೊಟ್ಟಿ ತಂದುಕೊಡುತ್ತಾಳೆ. ಮಳೆ ನಿಂತು ಟೂರಿಸ್ಟ್ ಸೀಸನ್ ಶುರುವಾಯಿತೋ, ಗಂಟು ಕಟ್ಟಿಕೊಂಡು ಕಾಣಕೋಣದ ಬೀಚಿಗೆ ನಡೆದಳು. ಅಲ್ಲಿ ಊರ ಕಡೆಯ ಹೆಂಗಸರ ಜೊತೆ ಇದ್ದು ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಾಳೆ. ಜೊತೆಗೆ ಪಗಡೆ ಹಾಸು. ಅದನ್ನು ಮಾತ್ರ ಯಾರಿಂದಲೂ ತರಿಸೋದಿಲ್ಲ, ತಾನೇ ಕೂತು ಹೊಲಿಯುತ್ತಾಳೆ. ಕಪ್ಪು ಅರಿವೆಯ ಮೇಲೆ ಕೆಂಪು, ಹಳದಿ ದಾರ. ನಾಲ್ಕು ತೋಳು. ನಡುವೆ, ಕಾಯಿಗಳೆಲ್ಲ ಸುತ್ತಿ ಬಂದು ಹಣ್ಣಾಗುವ ಮನೆಯಲ್ಲಿ, ಒಂದು ಚೇಳು.

ಆ ಚೇಳಿಗೆ ಒಂದು ಬದಿಯಲ್ಲಿ ಒಂದು ಕಾಲು ಕಡಿಮೆ. ಬಾಲವೂ ಅರ್ಧಕ್ಕೇ ಡೊಂಕಾಗಿ ನಿಂತುಬಿಟ್ಟಿದೆ.

ನಮ್ಮ ಮನೆಯಲ್ಲೂ ಅವಳದೊಂದು ಹಾಸಿದೆ. ಕೊಂಡ ದಿನ ದೊಡ್ಡ ಜಾಣನ ಹಾಗೆ ಕೇಳಿದ್ದೆ, "ಯಾಕವಾ, ಚೇಳಿಗೆ ಕಾಲ ಹಾಕೋದ ಮರ್ತಿಯೇನ?" ಅಂತ. ಬಾಯಿಗೆ ಸೆರಗು ಹಿಡಿದು ನಕ್ಕಳು.

"ಮರ್ತಿಲ್ರೀ ಸಾಹೇಬ್ರ. ನಮ್ಮವ್ವನ ಕೈಮ್ಯಾಲೆ ಹಂಗ ಇತ್ತರಿ. ಸಣ್ಣಾಕಿದ್ದಾಗ ಹಚ್ಚಿ ಹಾಕಸಾಕ ಕುಂದ್ರಿಸಿದ್ರಂತ. ಚೇಳು ಇನ್ನೂ ಪೂರಾ ಆಗಿರಲಿಲ್ಲ, ಸೂಜಿ ಉರಿ ತಾಳಲಾರದ ಚಿಟ್ಟನ ಚೀರಿ, ಕೈ ಕಿತ್ಗೊಂಡು ಓಡಿ ಹೋದ್ಲಂತ. ಮುಂದ ಯಾರ ಎಷ್ಟ ಅಂದ್ರೂ ಕುಂದರಲಿಲ್ಲ. ಸಾಯೋತನಾ ಹಂಗ ಇತ್ತರಿ, ಕುಂಟ ಚೇಳು."

ಆ ಅವ್ವ ತೀರಿಹೋಗಿ ಬಹಳ ಕಾಲವಾಯಿತು. ಒಂದು ಫೋಟೋ ಇಲ್ಲ. ರೊಟ್ಟಿ ಬಡಿಯುವಾಗ ಕಣ್ಣೆದುರಿಗೇ ಇರುತ್ತಿದ್ದ ಆ ಕೈ, ಕೈ ಮೇಲಿನ ಆ ಹಸಿರು ಚೇಳು, ಇಷ್ಟೇ ಮಗಳಿಗೆ ಉಳಿದಿರುವ ಗುರುತು. ಅದಕ್ಕೇ ಪ್ರತಿ ಹಾಸಿನಲ್ಲೂ ಹಾಗ್‌ಹಾಗೇ ಹೊಲಿಯುತ್ತಾಳೆ.

ಈಗ ಅದೇ ಚೇಳು ಡಬ್ಬಿಯ ಮೇಲೆ! ಅದೇ ಕಡಿಮೆ ಕಾಲು, ಅದೇ ಡೊಂಕು ಬಾಲ. ದಾರದ ಎಳೆ ಎಳೆ ಕಾಣುವ ಹಾಗೆ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದಾರೆ. ಡಬ್ಬಿ ತಿರುಗಿಸಿದೆ. ಹಿಂದೆ ಇಂಗ್ಲಿಷಿನಲ್ಲಿ, "ಗೋವಾದ ಕಡಲತೀರದ ಅನಾಮಿಕ ಜನಪದ ಕಲೆ" ಅಂತ ಬರೆದಿತ್ತು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ, ಈ ವಿನ್ಯಾಸದ ಎಲ್ಲ ಹಕ್ಕೂ ಪ್ರಕಾಶಕರದು, ನಕಲು ಮಾಡಿದರೆ ಕಾನೂನು ಕ್ರಮ ಅಂತ.

ಹೆಂಗಿದೆ ನೋಡಿ. ನಮ್ಮ ಜನ ಇಲ್ಲಿ ಬಸ್ಸಿನ ಸೀಟಿಗೆ ಜಗಳವಾಡಿದರೂ 'ಘಾಟಿ' ಅನ್ನಿಸಿಕೊಳ್ತಾರೆ. ಘಟ್ಟ ಇಳಿದು ಬಂದವರು, ಹತ್ತಿ ವಾಪಸ್ ಹೋಗಿ ಅಂತ. ಬಾದಾಮಿಯ ಚೇಳಿಗೆ ಮಾತ್ರ ಒಂದು ಅರ್ಜಿಯೂ ಇಲ್ಲದೆ ಗೋವಾದ ರೇಷನ್ ಕಾರ್ಡು ಸಿಕ್ಕಿತು!

ಬರ್ತ್‌ಡೇಗೆ ಚಾಕೊಲೇಟ್ ಕೊಟ್ಟು ಬಂದೆವು. ಮುಂದಿನ ವಾರ ಡಬ್ಬಿಯ ಮೇಲಿದ್ದ ವಿಳಾಸ ಹುಡುಕಿಕೊಂಡು ಪಣಜಿಗೆ ಹೊರಟೆ. ನನ್ನಾಕೆಯೂ ಚಪ್ಪಲಿ ಮೆಟ್ಟಿದಳು. "ನೀವೊಬ್ಬರ ಹೋದ್ರ ಚಾ ಕುಡದು, ಕೈ ಕುಲುಕಿ ಬರ್ತೀರಿ," ಅಂದಳು. (ನನ್ನನ್ನು ಬಲ್ಲವಳು.)

ಹಳೆಯ ಹಂಚಿನ ಮನೆಯ ಕೆಳಗಿನ ಎರಡು ಕೋಣೆ, ಅದೇ ಕಂಪನಿ. ಗೋಡೆ ತುಂಬಾ ಆಟದ ಬೋರ್ಡುಗಳು, ನೆಲದ ತುಂಬಾ ರಟ್ಟಿನ ಪೆಟ್ಟಿಗೆಗಳು. ಮಾಲೀಕ ಎಳೆಯ ವಯಸ್ಸಿನವನು, ಕುರುಚಲು ಗಡ್ಡ. ಹೆಂಡತಿ ಊರಲ್ಲಿರಲಿಲ್ಲ. ಖರೇ ಹೇಳ್ತೀನಿ, ಮನುಷ್ಯ ಕೆಟ್ಟವನ ಹಾಗೆ ಕಾಣಲಿಲ್ಲ. ನಾವು ಅವನ ಆಟ ಮೆಚ್ಚಿ ಬಂದವರು ಅಂದುಕೊಂಡು ಕುರ್ಚಿ ಒರೆಸಿ ಕೂರಿಸಿದ. ತಾನೇ ಚಹಾ ಮಾಡಿ ತಂದ. ಕೂತು ತನ್ನ ಕಷ್ಟ ತೋಡಿಕೊಂಡ.

ಅವನ ಮೊದಲ ಆಟ ಇಸ್ಪೀಟಿನ ಥರದ್ದು, ಅದರ ಎಲೆಗಳ ಚಿತ್ರವೆಲ್ಲ ಅವನೇ ಕೈಯಾರೆ ಬರೆದದ್ದಂತೆ. ಮುಂಬಯಿಯ ಯಾವನೋ ವ್ಯಾಪಾರಿ ಅದನ್ನು ಹಾಗೇ ನಕಲು ಮಾಡಿ ಫುಟ್‌ಪಾತಿನಲ್ಲಿ ಮಾರಿಸುತ್ತಿದ್ದಾನಂತೆ.

"ನಿದ್ದೆಗೆಟ್ಟು ಬರೆದದ್ದು ಸರ್. ಫುಟ್‌ಪಾತಿನಲ್ಲಿ ನೋಡಿದಾಗ ಅಲ್ಲೇ ಕೂತುಬಿಟ್ಟೆ. ನಮ್ಮಂಥ ಸಣ್ಣ ಪ್ರಕಾಶಕರನ್ನು ಪೈರಸಿ ಸಾಯಿಸ್ತಾ ಇದೆ," ಅಂದ. ಕಣ್ಣಲ್ಲಿ ನೀರಿತ್ತು. ನಾಟಕವಲ್ಲ.

ನನಗೆ ಅಯ್ಯೋ ಪಾಪ ಅನಿಸಿತು. ನನ್ನಾಕೆಗೆ ಅನಿಸಲಿಲ್ಲ. ಚೀಲದಿಂದ ನಮ್ಮ ಮನೆಯ ಹಾಸು ತೆಗೆದು ಮೇಜಿನ ಮೇಲೆ ಹರವಿ, ಪಕ್ಕದಲ್ಲಿ ಅವನ ಡಬ್ಬಿ ಇಟ್ಟಳು.

ಅವನ ಮುಖ ಕೆಂಪಾಯಿತು. "ಹಾಂ... ಇದು ಬೀಚಿನಲ್ಲಿ ತಗೊಂಡಿದ್ವಿ. ಫೋಕ್ ಆರ್ಟ್ ಅಲ್ವಾ ಮೇಡಂ. ಫೋಕ್ ಎಲ್ಲರದ್ದೂ."

"ಎಲ್ಲಾರದಂದ್ರ, ಇದರ ಮ್ಯಾಲೆ ಎಲ್ಲಾ ಹಕ್ಕು ನಮ್ಮದು ಅಂತ ಯಾಕ ಬರಕೊಂಡೀರಿ?"

ಆಕೆ ಕೇಳಿದ್ದು ಅಪ್ಪಟ ಧಾರವಾಡ ಕನ್ನಡದಲ್ಲಿ. ನಾನು ಇಂಗ್ಲಿಷಿಗೆ ತಿರುಗಿಸಿದೆ. (ತಿರುಗಿಸುವಾಗ ಖಾರ ಸ್ವಲ್ಪ ಕಡಿಮೆ ಬಿತ್ತು, ಬೈಸಿಕೊಂಡೆ.) ಅವನು ಸಾವರಿಸಿಕೊಂಡ. "ಆದರೆ ಸರ್, ಇದರ ಮೇಲೆ ಅವರ ಸಹಿ ಎಲ್ಲಿದೆ? ಹೆಸರು ಇದ್ದಿದ್ದರೆ ನಾವು ಹಾಕದೆ ಇರ್ತಿದ್ವಾ?"

ಸಹಿ ಇಲ್ಲ. ಯಾಕಿಲ್ಲ ಅಂದರೆ, ಶಾಂತವ್ವನ ಮನೆಯಲ್ಲಿ ಪಗಡೆ ಹಾಸಿನ ಮೇಲೆ ಹೆಸರು ಹೊಲಿಯೋ ಹಾಗಿಲ್ಲ. ಕಾಯಿ ಹೊಡೆಯೋ ಜಾಗ ಅದು. ಆಡುವವರು ರಂಗೇರಿದರೆ "ಹೊಡಿ, ಕೊಲ್ಲು" ಅಂತ ಕೂಗ್ತಾರೆ. ಅಂಥ ಕಡೆ ಬದುಕಿರುವವರ ಹೆಸರು ಇರಬಾರದು, ಆಯುಷ್ಯಕ್ಕೆ ಕುತ್ತು ಅಂತ ಅವರ ನಂಬಿಕೆ. ಇದನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಅವನಿಗೆ ಬಿಡಿಸಿ ಹೇಳಿದೆ.

ಅವನ ಕಣ್ಣು ಅರಳಿತು. "ವಾವ್! ಎಂಥ ಚೆಂದ ಸರ್ ಇದು!" ಅಂದವನೇ ಬರೆದುಕೊಳ್ಳೋಕೆ ಪೆನ್ನು ಹುಡುಕತೊಡಗಿದ.

ನನ್ನಾಕೆ ಹಾಸು ಮಡಚಿಕೊಂಡು ಎದ್ದುಬಿಟ್ಟಳು. ಚಹಾ ಮುಟ್ಟಿರಲಿಲ್ಲ.

ಕದಿಯೋದು ಅಂದರೆ ನಮ್ಮ ತಲೆಯಲ್ಲಿ ಬೀಗ ಒಡೆಯೋದೇ ಕೂತಿದೆ ನೋಡಿ. ಚಿತ್ರ ಕದ್ದರೆ ಚಿತ್ರ ಅಲ್ಲೇ ಇರುತ್ತಲ್ಲ, ಹೋದದ್ದೇನು ಅಂತಾರೆ. ಕಂಪನಿಯವರದ್ದು ಕದ್ದರೆ ಪೈರಸಿ. ಬೀಚಿನಲ್ಲಿ ಗಂಟು ಬಿಚ್ಚಿ ಕೂತವಳದ್ದು ಕದ್ದರೆ ಇನ್‌ಸ್ಪಿರೇಶನ್! ತನ್ನ ಎಲೆ ಕಳಕೊಂಡು ಅತ್ತವನಿಗೆ ಇನ್ನೊಬ್ಬರ ಚೇಳು ಯಾಕೆ ಕಾಣಲಿಲ್ಲ? ನನಗೆ ಈಗಲೂ ತಲೆಗೆ ಹೋಗುತ್ತಿಲ್ಲ.

ಮಡಗಾಂವದ ವಕೀಲ ಗೆಳೆಯನನ್ನು ಕೇಳಿದೆ. "ಸಹಿ ಇಲ್ಲದಿದ್ರೂ ಅಡ್ಡಿಯಿಲ್ಲ, ಮಾಡಿದವರದ್ದೇ ಹಕ್ಕು. ಕೇಸು ಗಟ್ಟಿಯಾಗಿದೆ, ಕರಕೊಂಡು ಬಾ," ಅಂದ. ಇನ್ನೇನು ಬೇಕು? ಮೊನ್ನೆ ಭಾನುವಾರ ಗಂಡ ಹೆಂಡತಿ ಕಾಣಕೋಣದ ಬಸ್ಸು ಹತ್ತಿದೆವು. ಗೆದ್ದೇಬಿಟ್ಟ ಹುರುಪು ನನ್ನದು.

ಶಾಂತವ್ವ ತೆಂಗಿನ ನೆರಳಲ್ಲಿ ಕೂತಿದ್ದಳು. ನಮ್ಮನ್ನು ನೋಡಿ ನಗಲಿಲ್ಲ. ವಿಷಯ ಆಗಲೇ ಅವಳ ಕಿವಿಗೆ ಬಿದ್ದಿತ್ತು, ಅದೂ ಎಂಥ ರೀತಿಯಲ್ಲಿ! ಯಾರೋ ಟೂರಿಸ್ಟ್ ಹೆಂಗಸು ಹಾಸು ಕೈಗೆತ್ತಿಕೊಂಡು, ಚೇಳು ನೋಡಿ, ಇದು ಅಂಗಡಿಯ ಗೇಮಿನ ಡುಪ್ಲಿಕೇಟು ಅಂದಳಂತೆ. ಜೊತೆಯವರಿಗೆ ಮೊಬೈಲಿನಲ್ಲಿ ಡಬ್ಬಿಯ ಫೋಟೋ ತೋರಿಸಿ, ಯಾರೂ ತಗೋಬೇಡಿ ಅಂದಳಂತೆ.

"ಎಲ್ಲಾರ ಮುಂದ ಚೋರ್ ಅಂದ್ಲರೀ ಅಕ್ಕಾರ," ಅಂದಳು ಶಾಂತವ್ವ ನನ್ನಾಕೆಯ ಕೈ ಹಿಡಿದು. "ನಮ್ಮವ್ವನ ಕೈ ನನಗ ತೋರಿಸಿ, ನನಗ ಚೋರ್ ಅಂದ್ಲು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಡಬ್ಬಿ ಮ್ಯಾಲೆ ಏನಂತ ಬರದಾರ್ರಿ?"

"ಯಾರ ಮಾಡಿದ್ದೋ ಗೊತ್ತಿಲ್ಲ ಅಂತ ಬರದಾರವಾ."

"ಗೊತ್ತಿಲ್ಲಂತ?" ಅವಳ ದನಿ ಏರಿತು. "ಇಲ್ಲೇ, ಇದ ಜಾಗಾದಾಗ ನನ್ನ ಮುಂದ ಕುಂತಿದ್ರಲ್ರೀ ಗಂಡಾ ಹೆಂಡ್ತಿ! ಅವ್ವನ ಕತಿ ಎಲ್ಲಾ ಕೇಳಿದ್ರು. ಹೆಸರ ಕೇಳಿದ್ರು, ಹೇಳೇನಿ. ಊರ ಕೇಳಿದ್ರು, ಅದನ್ನೂ ಹೇಳೇನಿ. ಬಿಸಲಾಗ ಬಂದಾರ ಅಂತ ನಾನ ಎಳನೀರು ತರಿಸಿ ಕುಡಿಸೇನ್ರಿ. ಗೊತ್ತಿಲ್ಲಂತ ಹೆಂಗ ಬರೀತಾರ್ರಿ?"

ಹೆಸರು ಕೇಳಿದ್ದರು! ಕೇಳಿ, ತಿಳಿದು, ಆಮೇಲೆ 'ಅನಾಮಿಕ' ಅಂತ ಅಚ್ಚು ಹಾಕಿದ್ದರು. ಅವನ ಕಣ್ಣೀರಿಗೆ ಕರಗಿದ ನನ್ನ ಬುದ್ಧಿಗೆ ಏನೆನ್ನಲಿ? ಮೈ ಉರಿದುಹೋಯಿತು. ವಕೀಲ ಹೇಳಿದ್ದನ್ನೆಲ್ಲ ಹೇಳಿದೆ. ಕಾಯ್ದೆ ನಿನ್ನ ಕಡೆ ಐತಿ, ಕೋರ್ಟಿಗೆ ಹೋಗೂಣು, ನಾವು ಬರ್ತೀವಿ ಅಂದೆ.

"ಕೋರ್ಟಿನ್ಯಾಗ ಮೊದಲ ಏನ್ ಕೇಳ್ತಾರ್ರಿ? ಬೀಚಿನ್ಯಾಗ ಮಾರಾಕ ಲೈಸನ್ಸ್ ಐತೇನು ಅಂತ ಕೇಳ್ತಾರ. ಪೊಲೀಸ್ರು ಬಂದ್ರ ಗಂಟು ಎತಗೊಂಡು ಓಡಾಕಿ ನಾ. ನಾ ಹೋಗಿ ಅವರ ಮುಂದ ನಿಂದರಲೇನ್ರಿ? ಬ್ಯಾಡ್ರೀ ಸಾಹೇಬ್ರ. ಕುಂದ್ರಾಕ ಇದ್ದ ಈ ನೆಳ್ಳೂ ಹೋಗತೈತಿ."

ಕಳ್ಳನಿಗೆ ಚೇಳು ಕಡಿದರೆ ಬಾಯಿ ಬಿಡೋ ಹಾಗಿಲ್ಲ ಅಂತಾರೆ. ಇಲ್ಲಿ ಕಳ್ಳ ಚೇಳನ್ನೇ ಹೊತ್ತುಕೊಂಡು ಹೋಗಿದ್ದಾನೆ, ಬಾಯಿ ಬಿಡಲಾರದೆ ಕೂತವಳು ಶಾಂತವ್ವ.

ಆಮೇಲೆ ಅವಳು ಗಂಟು ಬಿಚ್ಚಿ ಹೊಸದೊಂದು ಹಾಸು ತೆಗೆದಳು. ದಾರ ಇನ್ನೂ ಹೊಳೆಯುತ್ತಿತ್ತು. ನಡುಮನೆಯಲ್ಲಿ ಚೇಳಿತ್ತು. ಎರಡೂ ಬದಿಗೆ ಸರಿಸಮ ಕಾಲು. ಬಾಲ ನೆಟ್ಟಗೆ, ತುದಿತನಕ. ಯಾವ ಊರಿನ, ಯಾವ ಕ್ಯಾಲೆಂಡರಿನ ಚೇಳಾದರೂ ಆಗಬಹುದಿತ್ತು.



"ತಿದ್ದೇನ್ರಿ," ಅಂದಳು. "ಇನ್ನ ಯಾರೂ ನನಗ ಕಾಪಿ ಅನ್ನಂಗಿಲ್ಲ. ಹೊಟ್ಟಿ ನಡೀಬೇಕಲ್ರಿ. ಆ ಒಂದ ಕಾಲ ಹೊಲಿಯಾಕ ಭಾಳ ಹೊತ್ತ ಹಿಡೀತ್ರೀ ಅಕ್ಕಾರ. ಅತಗೋತ ಹೊಲದೇನಿ."

ನನ್ನಾಕೆ ಅವಳ ಪಕ್ಕ ಮರಳಲ್ಲೇ ಕೂತಳು.

ಅವ್ವನ ಗುರುತನ್ನು ಮಾರುವ ಹಕ್ಕು ಪಣಜಿಯವನಿಗಿದೆ, ಅದನ್ನೇ ಹೊಲಿದರೆ ಹೆತ್ತ ಮಗಳು ಕಳ್ಳಿ. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಯಾವ ಕಲಮಿದೆ, ವಕೀಲರೇ?