ಅಮೀರ್ಬೀ ತಟ್ಟಿ ನೋಡಿದ ಕಾರು

ಅಮೀರ್ಬೀಗೆ ಒಂದು ದಿನದ ಕೂಲಿ ಬಾಕಿ ಇದೆ. ಐದೂವರೆ ರೂಪಾಯಿ. ಒಂಬತ್ತು ವರ್ಷವಾದರೂ ಕೊಟ್ಟಿಲ್ಲ. ಬಾಕಿ ಉಳಿಸಿಕೊಂಡವನು ಯಾವ ಗುತ್ತೇದಾರನೂ ಅಲ್ಲ. ಗುತ್ತೇದಾರರಿಂದ ಪೈಸೆಪೈಸೆ ಕಕ್ಕಿಸಿದ ಖಣಿ ಕಾರ್ಮಿಕರದೇ ಸೊಸೈಟಿ. ಆ ದಿನ ಅವಳು ಕಲ್ಲು ಮುಟ್ಟಲಿಲ್ಲ, ಕಾರು ಕೊಳ್ಳಲು ಹೋಗಿದ್ದಳು. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಬಿತ್ತು.

ಶಹಾಬಾದಿಗೂ ವಾಡಿಗೂ ನಡುವಿನ ಖಣಿಯಲ್ಲಿ ಅವಳದು ಫರ್ಶಿಕಲ್ಲು ಆರಿಸುವ ಕೆಲಸ. ನೆಲದಿಂದ ಪದರಪದರವಾಗಿ ಎಬ್ಬಿಸಿದ ಚಪ್ಪಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಬಲಗೈಯ ನಡುಬೆರಳಿನ ಗೆಣ್ಣಿನಿಂದ ತಟ್ಟುತ್ತಾಳೆ. ಠಣ್ ಎಂದರೆ ಕಲ್ಲು ಗಟ್ಟಿ, ಲಾರಿಗೆ. ಬದ್ ಎಂದರೆ ಒಳಗೆಲ್ಲೋ ಸೀಳಿದೆ, ಆಚೆಗೆ. ಇಪ್ಪತ್ತೆರಡು ವರ್ಷ ತಟ್ಟಿ ತಟ್ಟಿ ಆ ಗೆಣ್ಣು ಶೇಂಗಾಕಾಯಿಯಂತೆ ಉಬ್ಬಿ ಗಡುಸಾಗಿತ್ತು. ಮನೆಯಲ್ಲಿ ಗಡಿಗೆ, ಕಲ್ಲಂಗಡಿ, ಗಂಡನ ಬೆನ್ನು ಎಲ್ಲವನ್ನೂ ತಟ್ಟಿಯೇ ನೋಡುತ್ತಾಳೆಂದು ಓಣಿಯವರು ನಗುತ್ತಿದ್ದರು.

ಗಂಡ ಮಜೀದಸಾಬ ಅದೇ ಖಣಿಯಲ್ಲಿ ಕಲ್ಲು ಎಬ್ಬಿಸುವವ. ಒಂದು ಮಧ್ಯಾಹ್ನ ಚಪ್ಪಡಿ ಜಾರಿ ಅವನ ಎಡಗಾಲಿನ ಮೇಲೆ ಬಿತ್ತು. ಸುತ್ತ ಇದ್ದದ್ದು ಒಂದೇ ಲಾರಿ, ಅದರ ತುಂಬ ಕಲ್ಲು. ಕಲ್ಲು ಇಳಿಸಿ ಅವನನ್ನು ಒಯ್ಯಲು ಗುತ್ತೇದಾರ ಒಪ್ಪಲಿಲ್ಲ. ಡ್ರೈವರನ ಪಕ್ಕದ ಇಕ್ಕಟ್ಟಿನಲ್ಲಿ, ಮುರಿದ ಕಾಲು ಮಡಚಿಕೊಂಡೇ, ಅವನು ಕಲಬುರ್ಗಿ ಮುಟ್ಟಿದ. ಕಾಲು ಚಾಚಿ ಮಲಗಿಸಿ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅಂದರು. ಅಂದವರೇ, ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ಮಾರನೆಯ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಖಣಿಯವರು ನಲವತ್ತೊಂದು ದಿನ ಕೆಲಸ ನಿಲ್ಲಿಸಿ ಹಳೇ ಬಾಕಿ ವಸೂಲು ಮಾಡಿದರು. ಅದರಲ್ಲಿ ತಲೆಗೆ ನೂರರಂತೆ ಕೂಡಿಸಿದರೆ ಹದಿನಾಲ್ಕು ಸಾವಿರವಾಯಿತು. ಗಾಯವಾದವರನ್ನು ಒಯ್ಯಲು ಸ್ವಂತದ ಕಾರು ಕೊಳ್ಳಬೇಕು, ಉಳಿದ ದಿನ ಅದನ್ನು ಬಾಡಿಗೆಗೆ ಬಿಡಬೇಕು ಎಂದು ಸಭೆ ಗೊತ್ತುಮಾಡಿತು. ನೋಡಿ ಬರಲು ಸೊಸೈಟಿಯ ಕಾರ್ಯದರ್ಶಿ ದೇವಿಂದ್ರಪ್ಪ, ಗಾಡಿ ಓಡಿಸಬಲ್ಲ ಮಶಾಕ ಇಬ್ಬರ ಹೆಸರು ಬಿತ್ತು. ಮಶಾಕ ಅಮೀರ್ಬೀಯ ತಂಗಿಯ ಮಗ.

ಅಮೀರ್ಬೀ ಎದ್ದು ನಿಂತಳು. "ನಾನೂ ಬರ್ತೀನಿ. ಹೆಂಗಸರ ರೊಕ್ಕಾನೂ ಅದ ಅದರಾಗ."

"ಯಕ್ಕಾ, ನೀ ಬಂದು ಕಾರಿನಾಗ ಏನ್ ನೋಡ್ತಿ?" ಎಂದ ದೇವಿಂದ್ರಪ್ಪ.

"ನೀ ಏನ್ ಕಾರಿನಾಗ ಹುಟ್ಟೀಯೇನೋ ತಮ್ಮಾ?"

ಸಭೆ ಹೋ ಎಂದು ನಕ್ಕಿತು. ಅಲ್ಲಿಗೆ ಮೂರನೆಯ ಹೆಸರೂ ಸೇರಿತು. ಹೊರಡುವಾಗ ಮಜೀದಸಾಬ ಹೇಳಿದ್ದು ಒಂದೇ ಮಾತು: "ಬಣ್ಣಾ ಗಿಣ್ಣಾ ನೋಡಬ್ಯಾಡ. ಕಾಲು ಚಾಚಿ ನೋಡು."

ಕಲಬುರ್ಗಿಯ ಆ ಗಾಡಿ ಅಂಗಡಿಯಲ್ಲಿ ಹೊಸವೂ ಇದ್ದವು, ಒಬ್ಬರು ಬಳಸಿ ಬಿಟ್ಟವೂ ಇದ್ದವು. ಹೊಸದರ ಬೆಲೆ ಕೇಳುವ ಗೋಜಿಗೇ ಇವರು ಹೋಗಲಿಲ್ಲ. ಸೇಠ ಒಂದು ಬಿಳಿ ಕಾರಿನ ಮುಂದೆ ತಂದು ನಿಲ್ಲಿಸಿದ. ಮೂತಿಗೆ ಸೇವಂತಿಗೆ ಹಾರ, ಸೀಟಿಗೆ ಹೊಸ ಹೊದಿಕೆ, ಆಗಷ್ಟೇ ತೊಳೆದ ಮೈಯೆಲ್ಲ ಕನ್ನಡಿಯ ಹೊಳಪು.

"ಡಾಕ್ಟರ್ ಸಾಹೇಬರ ಗಾಡಿರಿ ಇದು. ಮನಿಯಿಂದ ದವಾಖಾನಿಗಿ, ದವಾಖಾನಿಯಿಂದ ಮನಿಗಿ. ಮುಗೀತು."

ದೇವಿಂದ್ರಪ್ಪ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ. ಒಮ್ಮೆ ಹಾರ್ನ್ ಒತ್ತಿದ. ಕನ್ನಡಿಯಲ್ಲಿ ನೋಡಿ ತಲೆ ಬಾಚಿಕೊಂಡ. ಖಣಿಯ ಗೇಟಿನ ಮುಂದೆ ಗುತ್ತೇದಾರ ನೋಡುತ್ತಿರುವಾಗ ಈ ಕಾರಿನಿಂದ ಇಳಿಯುವ ಚಿತ್ರ ಅವನ ಕಣ್ಣಿಗೆ ಕಟ್ಟಿಬಿಟ್ಟಿತ್ತು.

"ಜಲ್ದಿ ಹೇಳ್ರಿ," ಎಂದ ಸೇಠ. "ಮೂರು ಗಂಟೆಕ್ಕ ಬೀದರದ ಪಾರ್ಟಿ ಬರ್ಲಿಕತ್ತದ. ಸಾವಿರ ರೂಪಾಯಿ ಮುಂಗಡ ಇಟ್ರ ಗಾಡಿ ನಿಮ್ದು."

ದೇವಿಂದ್ರಪ್ಪನ ಕೈ ಒಳಜೇಬಿಗೆ ಹೋಯಿತು.

"ಬರ್ಲಿರಿ, ಅವರಿಗೂ ಒಂದು ಚಾ ಕುಡಸ್ರಿ," ಎಂದಳು ಅಮೀರ್ಬೀ. "ತಮ್ಮಾ, ಕೈ ಹೊರಗ ತೆಗಿ. ಸಾವ್ಕಾರ್ರ, ಗಾಡಿ ಬಿಸಲಿಗಿ ತರಸ್ರಿ."

"ಯಾಕಮ್ಮಾ? ಇಲ್ಲಿ ಲೈಟ್ ಅದಲ್ಲ."

"ನೀರು ಹೊಡದ ಕಲ್ಲು ನಾವು ಆರಸಲ್ರಿ. ಹಸಿ ಇದ್ದಾಗ ಸೀಳು ಕಾಣಲ್ಲ. ಒಣಗಿದ ಮ್ಯಾಲೇ ನೋಡಾದು."

ಕಾರು ಅಂಗಳಕ್ಕೆ ಬಂತು. ಅಮೀರ್ಬೀ ಸೆರಗು ಬಿಗಿದು ಗೆಣ್ಣಿನಿಂದ ಶುರುಮಾಡಿದಳು. ಮೂತಿ, ಠಣ್. ಬಲಬದಿಯ ಎರಡೂ ಬಾಗಿಲು, ಠಣ್. ಚಾವಣಿಗೆ ಕೈ ಎಟಕಿಸಿ ತಟ್ಟಿದರೆ ಬದ್.

"ಮಾಳಿಗಿ ಒಡದದ!" ಎಂದು ಕೂಗಿಯೇಬಿಟ್ಟಳು.

ಸೇಠ ಹೊಟ್ಟೆ ಹಿಡಿದು ನಕ್ಕ. ಮಶಾಕ ನಾಚಿ ಕೆಂಪಾಗಿ, "ಖಾಲಾ, ಒಳಗ ಅರಿಬಿ ಹೊದಿಸ್ಯಾರ. ಅದಕ್ಕ ಹಂಗ ಬರ್ತದ," ಎಂದ. ದೇವಿಂದ್ರಪ್ಪ ಮುಖ ಬೇರೆ ಕಡೆ ತಿರುಗಿಸಿದ, ಈಕೆ ತನ್ನ ಜೊತೆ ಬಂದವಳೇ ಅಲ್ಲ ಎಂಬಂತೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಎಳೆದುಕೊಳ್ಳುತ್ತಿದ್ದರು. ಅಮೀರ್ಬೀ ಒಂದು ಗಳಿಗೆ ಯೋಚಿಸಿ, "ಆಯ್ತು, ಮಾಳಿಗಿ ಬಿಡು. ಜೋಡಿಗಿ ಜೋಡಿ ಹಚ್ಚಿ ನೋಡಮು," ಎಂದಳು. ಒಂದೇ ಪದರದಿಂದ ಎದ್ದ ಎರಡು ಫರ್ಶಿ ಒಂದೇ ದನಿಯಲ್ಲಿ ಮಾತಾಡಬೇಕು. ಒಂದು ಬೇರೆ ಮಾತಾಡಿದರೆ ಅದರಲ್ಲಿ ದೋಷವಿದೆ. ಖಣಿಯಲ್ಲಿ ಅವಳು ನಂಬಿದ್ದು ಇಷ್ಟೇ. ಬಲಬದಿಯ ಮುಂದಿನ ಬಾಗಿಲು ತಟ್ಟಿದಳು, ಠಣ್. ಎಡಬದಿಗೆ ಬಂದು ಅದೇ ಎತ್ತರಕ್ಕೆ ತಟ್ಟಿದಳು. ಬದ್. ಹಿಂದಿನದು, ಬದ್. ಮತ್ತೆ ಬಲಕ್ಕೆ ಹೋದಳು, ಮತ್ತೆ ಎಡಕ್ಕೆ ಬಂದಳು. ಸೇಠನ ನಗು ನಿಂತಿತು.

"ಇಲ್ಲೂ ಅರಿಬಿ ಹೊದಿಸೀರೇನ್ರಿ ಸಾವ್ಕಾರ್ರ?"

ಮಶಾಕ ಎಡಬಾಗಿಲು ತೆಗೆದು ಅಂಚಿನ ರಬ್ಬರ್ ಎತ್ತಿ ಉಗುರಿನಿಂದ ಕೆರೆದ. ಬಿಳಿ ಬಣ್ಣದ ಕೆಳಗಿಂದ ತಗ್ಗು ತುಂಬುವ ಲಪ್ಪ ಬೆರಳು ದಪ್ಪಕ್ಕೆ ಪುಡಿಪುಡಿಯಾಗಿ ಉದುರಿತು. ಜಜ್ಜಿಹೋದ ತಗಡಿಗೆ ಲಪ್ಪ ಮೆತ್ತಿ ಬಣ್ಣ ಹೊಡೆದಿದ್ದರು.

"ಸಣ್ಣ ಧಕ್ಕಾರಿ," ಎಂದ ಸೇಠ.

"ಡಾಕ್ಟರ್ ಮನಿಗೂ ದವಾಖಾನಿಗೂ ನಡುವ ಇಷ್ಟು ದೊಡ್ಡ ಸಣ್ಣ ಧಕ್ಕಾ ಎಲ್ಲಿ ಸಿಕ್ತುರಿ?"

ಸೇಠ ದೇವಿಂದ್ರಪ್ಪನ ಹೆಗಲ ಮೇಲೆ ಕೈ ಹಾಕಿದ. "ಹೋಗ್ಲಿ, ನೀವು ತಿಳದವರು. ಸಾವಿರ ಕಡಿಮಿ ಮಾಡ್ತೀನಿ. ಹನ್ನೆರಡೂವರೆ ಸಾವಿರ ಕೊಡ್ರಿ."

ಸಾವಿರ ಎಂದ ಕೂಡಲೇ ದೇವಿಂದ್ರಪ್ಪನ ಕೈ ಮತ್ತೆ ಜೇಬು ಹುಡುಕಿತು. "ಯಕ್ಕಾ, ಬಾಗಲಾ ಬೇಕಾದ್ರ ಬದಲಿ ಮಾಡಿಸಮು..."

ಅಮೀರ್ಬೀ ಚಪ್ಪಲಿ ಕಳಚಿ, ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ತಲೆ ಆಚೆಯ ಬಾಗಿಲಿಗೆ ತಾಗಿತು. ಈಚೆ ಮೊಣಕಾಲಿನಿಂದ ಕೆಳಗಿನದೆಲ್ಲ ಹೊರಗೆ ಉಳಿಯಿತು. ಅಂಗಡಿಯ ಆಳುಗಳೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು.

"ಮಶಾಕ, ಬಾಗಲಾ ಹಾಕು."

"ಖಾಲಾ, ಕಾಲು ಸಿಗ್ತಾವ."

"ಹಾಕಾಕ ಬರಲ್ಲ ಹೌದಿಲ್ಲೋ?" ಮಲಗಿದಲ್ಲಿಂದಲೇ ದೇವಿಂದ್ರಪ್ಪನಿಗೆ ಕೂಗಿದಳು. "ತಮ್ಮಾ, ಸಾವಿರ ಕಡಿಮಿ ಮಾಡಿದ್ರ ನನ್ನ ಕಾಲು ಕಡಿಮಿ ಆಗ್ತಾವೇನು?"

ದೇವಿಂದ್ರಪ್ಪನಿಗೆ ಲಾರಿಯಲ್ಲಿ ಕಾಲು ಮಡಚಿಕೊಂಡು ಕೂತ ಮಜೀದಸಾಬ ನೆನಪಾದ. ಅಂದು ಅವನನ್ನು ಎತ್ತಿ ಕೂರಿಸಿದವರಲ್ಲಿ ತಾನೂ ಒಬ್ಬ. ಜೇಬಿನಿಂದ ಕೈ ಖಾಲಿಯಾಗಿ ಹೊರಬಂತು.

ಅಂಗಳದ ಮೂಲೆಯಲ್ಲಿ ಇನ್ನೊಂದು ಗಾಡಿ ಧೂಳು ತಿನ್ನುತ್ತ ನಿಂತಿತ್ತು. ಬೂದಿ ಬಣ್ಣ, ಉದ್ದ ಬೆನ್ನು, ಹಿಂದೊಂದು ಬಾಗಿಲು. ಟಾಕೀಸಿಗೆ ಸಿನೆಮಾ ಡಬ್ಬಿ ಸಾಗಿಸುತ್ತಿದ್ದದ್ದಂತೆ. ಮೂತಿಗೆ ಎಮ್ಮೆ ಗುದ್ದಿದಷ್ಟು ತಗ್ಗು, ಅದನ್ನು ಯಾರೂ ಮುಚ್ಚಿರಲಿಲ್ಲ. ಅಮೀರ್ಬೀ ಸುತ್ತಲೂ ತಟ್ಟಿದಳು. ಚಾವಣಿಯೂ ಸೇರಿ ಎಲ್ಲ ಠಣ್. ಒಳಗೆ ಮಲಗಿದಳು, ಕಾಲು ಚಾಚಿದಳು, ಹಿಂಬಾಗಿಲು ಹಾಕಿಸಿದಳು. ಹಾಕಿದ ಬಾಗಿಲಿನ ಆಚೆಯಿಂದ ಅವಳ ದನಿ ಬಂತು: "ಇನ್ನಾ ಗೇಣು ಜಾಗ ಅದ!"

"ಇದು ಬ್ಯಾಡ್ರಿ, ನೋಡಾಕ ಛಂದಿಲ್ಲ," ಎಂದ ಸೇಠ.

"ಹೆಣ್ಣು ನೋಡಾಕ ಬಂದಿಲ್ರಿ ನಾವು."

ಮಶಾಕ ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿ ಹೊಗೆ ನೋಡಿದ. ಓಡಿಸಿ ನೋಡಲು ಡಾಂಬರು ರಸ್ತೆ ಸಾಕು ಎಂದ ಸೇಠನನ್ನೂ ಹಿಂದೆ ಕೂರಿಸಿಕೊಂಡು ರೈಲು ಹಳಿ ದಾಟಿ, ಗುಂಡಿ ಬಿದ್ದ ಹಾದಿಯಲ್ಲಿ ಎರಡು ಸುತ್ತು ಹೊಡೆದ. ಸೇಠ ಇಳಿದು ಸೊಂಟ ಒತ್ತಿಕೊಂಡ. ಗಾಡಿಗೆ ಏನೂ ಆಗಿರಲಿಲ್ಲ. ಕಡೆಗೆ ಕಾಗದ. ದೇವಿಂದ್ರಪ್ಪ ಸಹಿ ಹಾಕಲು ಪೆನ್ನು ತೆಗೆದರೆ ಅಮೀರ್ಬೀ ತಡೆದಳು. "ನನಗ ಓದಾಕ ಬರಲ್ಲ. ಗಟ್ಟಿಯಾಗಿ ಓದು. ಸಣ್ಣ ಅಕ್ಷರಾನೂ ಓದು." ಓದುತ್ತ ಹೋದಂತೆ, ಗಾಡಿಯ ತೆರಿಗೆ ಒಂದು ವರ್ಷದ್ದು ಕಟ್ಟಿಲ್ಲವೆಂದು ಅವನಿಗೇ ಗೊತ್ತಾಯಿತು. ಅದನ್ನು ಸೇಠನೇ ಕಟ್ಟಿದ. ಹನ್ನೊಂದು ಸಾವಿರಕ್ಕೆ ಗಾಡಿ ಬಂತು. ಮಿಕ್ಕದ್ದರಲ್ಲಿ ಟಯರು, ಒಳಗೊಂದು ಗಾದಿ.

ಮೊದಲ ಸವಾರಿ ಮಜೀದಸಾಬನದು. ಗಾದಿಯ ಮೇಲೆ ಉದ್ದಕ್ಕೆ ಮಲಗಿ ಶಹಾಬಾದಿನ ತುಂಬ ತಿರುಗಿದ. ಇಳಿದಾಗ ಮಶಾಕ ಬಾಡಿಗೆ ಕೇಳಿದರೆ, "ಒಂದೇ ಕಾಲು ತಂದೀನಿ, ಅರ್ಧಾ ತೊಗೋ," ಎಂದ. ಆ ಗಾಡಿ ಈವರೆಗೆ ಮೂವತ್ತೊಂದು ಜನ ಗಾಯಾಳುಗಳನ್ನು ಒಯ್ದಿದೆ, ಎಲ್ಲರನ್ನೂ ಕಾಲು ಚಾಚಿಸಿಯೇ.

ಆ ತಿಂಗಳ ಪಗಾರದ ದಿನ ದೇವಿಂದ್ರಪ್ಪನಿಗೂ ಮಶಾಕನಿಗೂ ಕಲಬುರ್ಗಿಗೆ ಹೋದ ದಿನದ ಕೂಲಿ ಸೊಸೈಟಿಯಿಂದ ಬಂತು, ಕಾರ್ಯದರ್ಶಿ ಮತ್ತು ಡ್ರೈವರ್ ಎಂದು. ಅಮೀರ್ಬೀಗೆ ಬರಲಿಲ್ಲ. ತಟ್ಟಿ ನೋಡುವುದಕ್ಕೆ ಸೊಸೈಟಿಯ ಪುಸ್ತಕದಲ್ಲಿ ಹುದ್ದೆ ಇರಲಿಲ್ಲ.

"ನಾ ಏನ್ ಕಲಬುರ್ಗಿಗಿ ಕೈಗಿ ಬಳಿ ಇಡಸ್ಕೊಳ್ಳಾಕ ಹೋಗಿದ್ನೇನು?" ಎಂದು ಪ್ರತಿ ವರ್ಷದ ಸಭೆಯಲ್ಲೂ ಎದ್ದು ಕೇಳುತ್ತಾಳೆ. ದೇವಿಂದ್ರಪ್ಪ ತಲೆ ತಗ್ಗಿಸಿ, "ರೂಲ್ ಇಲ್ಲ ಯಕ್ಕಾ, ನನ್ನ ಕಿಸೇದಿಂದ ಕೊಡ್ತೀನಿ ತೊಗೋ," ಅನ್ನುತ್ತಾನೆ. "ನಿನ್ನ ದಾನ ಯಾರಿಗಿ ಬೇಕು? ಪುಸ್ತಕದಾಗ ಬರದು ಕೊಡು," ಎಂದು ಕೂರುತ್ತಾಳೆ. ಎಲ್ಲರೂ ನಗುತ್ತಾರೆ, ಚಹಾ ಬರುತ್ತದೆ, ಸಭೆ ಮುಗಿಯುತ್ತದೆ.

ನೀವೂ ನಾಳೆ ಗಾಡಿ ಕೊಳ್ಳಲು ಹೋಗುತ್ತೀರಿ. "ಸ್ವಲ್ಪ ಬಂದು ನೋಡು" ಎಂದು ಯಾರೋ ಮಿಸ್ತ್ರಿಯನ್ನೋ, ಡ್ರೈವರನನ್ನೋ, ಬಲ್ಲ ಹೆಂಗಸನ್ನೋ ಅವರ ದಿನದ ದುಡಿಮೆ ಬಿಡಿಸಿ ಎಳೆದೊಯ್ಯುತ್ತೀರಿ. ಅವರ ಕಣ್ಣು, ಅವರ ಕಿವಿ, ಅವರ ಗೆಣ್ಣು ನಿಮ್ಮ ಸಾವಿರಗಳನ್ನು ಉಳಿಸುತ್ತವೆ. ನೀವು ಒಂದು ಚಹಾ ಕುಡಿಸಿ ಬಸ್ ಹತ್ತಿಸುತ್ತೀರಿ. ಅವರು ಮಾಡಿದ್ದು ಬಿಟ್ಟಿ ಚಾಕರಿಯಲ್ಲ, ಕೆಲಸ. ಆ ದಿನದ ಕೂಲಿ ಕೊಟ್ಟಿದ್ದೀರಾ? ಇಲ್ಲದಿದ್ದರೆ ಈ ಕಾಗದ ಕೆಳಗಿಟ್ಟು ಎದ್ದು ಹೋಗಿ ಕೊಟ್ಟು ಬನ್ನಿ. ಪುಸ್ತಕದಲ್ಲಿ ಬರೆದು ಕೊಡಿ.