ಬಾಲಿಗೆ ನೀವೂ ಬರ್ರಿ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದು ಸುತ್ತಮುತ್ತ ಕ್ಲಿನಿಕ್ಕುಗಳಿವೆ ಎಂಬ ಒಂದೇ ಧೈರ್ಯದಿಂದ. ಎದೆ ನೋವಾದರೆ ಎಡಕ್ಕೆ ಓಡಬಹುದು, ಹಲ್ಲು ನೋವಾದರೆ ಬಲಕ್ಕೆ. ಏನಾದರೊಂದು ಆಗಿಯೇ ಆಗುತ್ತದೆ ಎಂದು ನಂಬಿ ಬದುಕುವ ನಾನೇ ಆ ಜಾಗವನ್ನು ಹುಡುಕಿದ್ದು. ಒಂದು ಮಾತ್ರ ನನಗೆ ಹೊಳೆದಿರಲಿಲ್ಲ. ಆ ಡಾಕ್ಟರುಗಳ ಬಳಿಗೆ ನಮ್ಮ ನೆಂಟರೂ ಬರುತ್ತಾರೆ, ಮತ್ತು ಪಾಳಿ ಬರುವ ತನಕ ಕೂರುವುದಕ್ಕೆ ಅವರಿಗೆ ನಮ್ಮ ಮನೆಗಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಹರಿಹರದಿಂದ ಬರುತ್ತಾರೆ, ಆವರಗೆರೆಯಿಂದ ಬರುತ್ತಾರೆ, ಯಾರ ಕಡೆಯ ನೆಂಟರೆಂದು ಅವರು ಹೋದ ಮೇಲೆ ನಾವು ಲೆಕ್ಕ ಹಾಕಬೇಕಾದವರೂ ಬರುತ್ತಾರೆ. ಬೆಲ್ ಒತ್ತಿದರೆ ಚಹಾ. ಎಕ್ಸ್‌ರೇ ತಡವಾದರೆ ಊಟ. ಡಾಕ್ಟರು "ನಾಳೆ ಒಮ್ಮೆ ತೋರಿಸಿ" ಎಂದರೆ ಹಾಸಿಗೆ. ಸ್ಯಾನಿಟರಿ ಸಾಮಾನಿನ ಅಂಗಡಿಯವನಾದ ನಾನು ಒಂಬತ್ತಕ್ಕೆಲ್ಲ ಅಂಗಡಿಗೆ ಹೊರಟುಬಿಡುತ್ತೇನೆ. ಉಳಿಯುವವಳು ನನ್ನ ಹೆಂಡತಿ.

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಏನೂ ಕೇಳಿದವಳಲ್ಲ. ಹಾಗಾಗಿ ಕಳೆದ ವರ್ಷ ಒಂದು ಸಂಜೆ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇಲ್ಲಿಗೆ ಹೋಗಾನ್ರೀ" ಎಂದಾಗ ನನಗೆ ಮೊದಲು ಬಂದ ಯೋಚನೆ ಇವಳಿಗೇನೋ ಕಾಯಿಲೆ ಎಂದು.

ಮೊಬೈಲಿನಲ್ಲಿ ಬಾಲಿ ದ್ವೀಪದ ಒಂದು ವಿಲ್ಲಾ ಇತ್ತು. ಎತ್ತರದ ಕಲ್ಲಿನ ಗೋಡೆ, ಅದರೊಳಗೆ ಇಬ್ಬರಿಗಷ್ಟೇ ಎನ್ನುವಂಥ ಪುಟ್ಟ ಈಜುಕೊಳ, ಪಕ್ಕದಲ್ಲಿ ಒಂದು ದೇವಕಣಗಿಲೆ ಮರ, ಸೊಳ್ಳೆಪರದೆ ಇಳಿಬಿಟ್ಟ ದೊಡ್ಡ ಮಂಚ. ಎಲ್ಲಿಯೂ ಒಂದು ನರಪಿಳ್ಳೆ ಇಲ್ಲ. ನನ್ನ ಕಣ್ಣು ಅಭ್ಯಾಸಬಲದಿಂದ ಬಚ್ಚಲಿಗೆ ಹೋಯಿತು.

"ಬಚ್ಚಲಿಗೆ ಮಾಳಿಗೇನೇ ಇಲ್ಲಲ್ಲೇ!"

"ಅದಕ್ಕೇ ಬಾಡಿಗೆ ಹೆಚ್ಚು."

"ಮಳಿ ಬಂದ್ರೆ?"

"ನೀವ್ ಒಳಗೆ ಹೋಗೋದೇ ನೆನಿಯಾಕಲ್ಲೇನ್ರೀ?"

"ಸಮುದ್ರ ಕಾಣ್ತತಾ?"

"ಸಮುದ್ರ ಯಾರಿಗೆ ಬೇಕು? ಗ್ವಾಡೆ ನೋಡ್ರಿ, ಎಷ್ಟು ಎತ್ತರ ಐತೆ. ಬಾಗ್ಲಿಗೆ ಬೆಲ್ಲೇ ಇಲ್ಲ."

ಅವಳಿಗೆ ಬೇಕಾದದ್ದು ಅಷ್ಟೇ. ಯಾರೂ ಬಾರದ, ಯಾರಿಗೂ ಬಡಿಸಬೇಕಿಲ್ಲದ ನಾಲ್ಕು ಬೆಳಗು. ಅದು ಅರ್ಥವಾದ ಮೇಲೆ ನಾನು ಬೇಡವೆನ್ನಲಿಲ್ಲ. ಬದಲಿಗೆ ನನಗೆ ಬರುವ ಒಂದೇ ಕೆಲಸಕ್ಕೆ, ಎಂದರೆ ಚಿಂತೆಗೆ, ಕೂತೆ. ಅಲ್ಲಿ ಜ್ವಾಲಾಮುಖಿ ಇದೆ ಎಂದು ಓದಿದೆ. ಕನ್ನಡಕ ಕಿತ್ತುಕೊಂಡು ಹೋಗುವ ಕೋತಿಗಳಿವೆ ಎಂದು ಓದಿದೆ. ಕೋತಿ ಕನ್ನಡಕ ಒಯ್ದ ಹೊತ್ತಿಗೇ ಜ್ವಾಲಾಮುಖಿ ಸಿಡಿದರೆ ಯಾವ ಕಡೆ ಓಡಬೇಕೆಂದು ನನಗೆ ಕಾಣುವುದಾದರೂ ಹೇಗೆ?

ಬೆಂಗಳೂರಿನ ಟ್ರಾವೆಲ್ ಏಜೆನ್ಸಿಯ ಹುಡುಗಿಯೊಬ್ಬಳು ಫೋನಿನಲ್ಲಿ ಸಿಕ್ಕಳು.

"ಹನಿಮೂನ್ ಪ್ಯಾಕೇಜಾ ಸರ್?"

"ಏ ಇಲ್ಲಮ್ಮ, ನಮ್ಮ ಮಗಳಿಗೇ ಮದುವಿ ಆಗೈತೆ."

"ಓ, ಹಾಗಾದ್ರೆ ಮಗಳು ಅಳಿಯಂದಾ ಸರ್?"

ನಾವಿಬ್ಬರೇ ಎಂದು ಹೇಳಲು ನನಗೆ ಯಾಕೋ ನಾಚಿಕೆಯಾಯಿತು. ಸ್ಪೀಕರ್ ಹಾಕಿಸಿಕೊಂಡು ನನ್ನ ಹೆಂಡತಿಯೇ ಹೇಳಿದಳು. ಬೆಳಗಿನ ತಿಂಡಿಯನ್ನು ಬುಟ್ಟಿಯಲ್ಲಿಟ್ಟು ಈಜುಕೊಳದಲ್ಲಿ ತೇಲಿಬಿಡುತ್ತಾರೆ ಎಂದು ಆ ಹುಡುಗಿ ಹೇಳಿದಾಗ, ಮುಳುಗಿದರೆ ಗತಿಯೇನು ಎಂದು ಕೇಳಿದೆ.

"ಮುಳುಗಿದ್ರೆ ಮುಳುಗ್ಲಿ ಬಿಡ್ರಿ," ಎಂದಳು ನನ್ನವಳು. "ನಾನು ಮಾಡಿದ್ದಲ್ವಲ್ಲ."

ಅವಳು ಹಾಕಿದ್ದು ಒಂದೇ ಷರತ್ತು. ಹೋಗಿ ಬರುವ ತನಕ ಯಾರಿಗೂ ಹೇಳಕೂಡದು. "ನಿಮ್ಮ ಅಕ್ಕಗಂತೂ ಬ್ಯಾಡೇ ಬ್ಯಾಡ" ಎಂದು ಬಿಡಿಸಿ ಹೇಳಿದ್ದಳು.

ಅಕ್ಕನ ಮನೆ ಹರಿಹರದಲ್ಲಿ. ಒಂದು ಭಾನುವಾರ ಊಟಕ್ಕೆ ಕರೆದಿದ್ದರು, ಹೋದೆವು. ಊಟ ಮುಗಿಸಿ ನಾನೂ ಭಾವನೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಪಡಸಾಲೆಯಲ್ಲಿ ಕೂತಿದ್ದೆವು. ಕರೆಸಿಕೊಂಡ ಮನೆಯಲ್ಲೂ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಬಂದು ಕಂಬಕ್ಕೆ ಒರಗಿ ಕೂತು ಹೇಳಿದಳು:

"ಮುಂದಿನ ತಿಂಗಳು ಎರಡನೇ ವಾರ ಹಲ್ಲು ಕಟ್ಟಿಸ್ಕಳಾಕೆ ಬರ್ತೀನೋ. ದಿನಾ ಓಡಾಡಾಕಾಗಲ್ಲ, ನಾಕು ದಿನ ನಿಮ್ಮನ್ಯಾಗೇ ಇರ್ತೀನಿ."

ಅವಳು ಹೇಳಿದ ವಾರವೇ ನಾವು ಹೊರಡುವ ವಾರ.

"ಆ ವಾರ ನಾವು ಊರಾಗೆ ಇರಲ್ಲಕ್ಕಾ."

"ಎಲ್ಲಿಗೆ ಹೊಂಟೀರಿ?"

ಚಿತ್ರದುರ್ಗ ಎನ್ನಬಹುದಿತ್ತು, ಧರ್ಮಸ್ಥಳ ಎನ್ನಬಹುದಿತ್ತು. ದಿನವಿಡೀ ಬಾರದ ಕಷ್ಟಗಳನ್ನು ಕಲ್ಪಿಸಿಕೊಳ್ಳುವ ನನ್ನ ತಲೆಗೆ ಬೇಕಾದ ಹೊತ್ತಿನಲ್ಲಿ ಒಂದು ಸಣ್ಣ ಸುಳ್ಳು ಹೊಳೆಯಲಿಲ್ಲ. ಬಾಲಿ ಎಂದೆ. ಅಕ್ಕನ ಕಣ್ಣು ಅಗಲವಾದದ್ದನ್ನು ಕಂಡು, ಗಾಬರಿಗೆ, ನಮ್ಮ ಕಡೆ ಯಾರೇ ಆದರೂ ಆಡುವ ಮಾತನ್ನೇ ಆಡಿದೆ.

"ನೀವೂ ಬರ್ರಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಊಟಕ್ಕೆ ಕೂತವನು ಬಾಗಿಲಲ್ಲಿ ಕಂಡವನಿಗೆ "ಬರ್ರಿ, ಊಟ ಮಾಡಾನ" ಎನ್ನಬೇಕು. ಬಂದವನು ಹೊಟ್ಟೆ ಚುರುಗುಟ್ಟುತ್ತಿದ್ದರೂ "ಈಗಷ್ಟೇ ಆತು, ನೀವ್ ಮಾಡ್ರಿ" ಎನ್ನಬೇಕು. ಹಾಗೆಯೇ ಎಲ್ಲಿಗಾದರೂ ಹೊರಟವನು "ನೀವೂ ಬರ್ರಿ" ಎನ್ನಬೇಕು, ಕೇಳಿಸಿಕೊಂಡವನು "ನೀವು ಹೋಗಿ ಬರ್ರಿ, ಇನ್ನೊಂದ್ಸಲ ನೋಡಾನ" ಎನ್ನಬೇಕು. ಕರೆಯದಿದ್ದರೆ ತಪ್ಪು, ಒಪ್ಪಿಕೊಂಡರೂ ತಪ್ಪು. ಇಷ್ಟು ಕಾಲ ನಮ್ಮ ಸಂಬಂಧಗಳು ಉಳಿದುಕೊಂಡು ಬಂದಿರುವುದು ಹೀಗೆಯೇ.

ಭಾವ ಎಲೆಗೆ ಸುಣ್ಣ ಸವರುತ್ತ, ತಲೆ ಎತ್ತದೆ ಹೇಳಿದರು: "ಆತು. ಬರ್ತೀವಿ."

ಎಂದೋ ದುಬೈಗೆ ಹೋಗಬೇಕೆಂದು ಮಾಡಿಸಿದ್ದ ಪಾಸ್‌ಪೋರ್ಟುಗಳು ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದವಂತೆ. ರಿಟೈರಾದ ಮೇಲೆ ಅವರಿಗೆ ಹೊತ್ತೂ ಹೋಗುತ್ತಿರಲಿಲ್ಲವಂತೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

ಹಿಂದಿರುಗುವಾಗ ಕಾರು ಬಾತಿ ಊರು ದಾಟಿತು. ಆಮೇಲೆ ಅವಳೇ ಕೇಳಿದಳು.

"ಯಾಕ ಕರದ್ರಿ?"

"ಬಾಯಿಗೆ ಬಂತು."

"ಬಾಯಿಗೆ ಬಂತು," ಎಂದು ಅವಳೂ ಮೆಲ್ಲಗೆ ಹೇಳಿಕೊಂಡು ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ತಮ್ಮನ ಫೋನು. ಅವನ ಮನೆ ಇದೇ ಊರಲ್ಲಿದೆ.

"ಅಣ್ಣಾ, ಹರಿಹರದೋರ್ನ ಕರ್ಕಂಡು ಫಾರಿನ್ನಿಗೆ ಹೊಂಟಿಯಂತೆ. ನಾವೇನು ಹೊರಗಿನೋರಾ?"

"ನಿನಗೆ ಬ್ಯಾರೆ ಹೇಳ್ಬೇಕೇನೋ? ನೀವೂ ಬರ್ರಿ," ಎಂದಿತು ನನ್ನ ಬಾಯಿ. ತಮ್ಮ, ಅವನ ಹೆಂಡತಿ, ಅವನ ಅತ್ತೆ. ಅತ್ತೆಗೆ ಹವಾ ಬದಲಾವಣೆ ಬೇಕೆಂದು ಡಾಕ್ಟರು ಹೇಳಿದ್ದರಂತೆ.

ನನ್ನ ಅಂಗಡಿಯ ಪಕ್ಕ ಪೇಂಟ್ ಅಂಗಡಿಯಿಟ್ಟಿರುವ ಸಾಹೇಬರ ಹತ್ತಿರ ಗೋಳು ಹೇಳಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ದಾರಿ ತೋರಿಸಿದರು.

"ಜ್ವಾಲಾಮುಖಿ ಎದ್ದೈತಂತ ಹೇಳಿಬಿಡ್ರಿ ಸೇಠ್. ಖತಮ್. ತಾವೇ ಹಿಂದೆ ಸರೀತಾರೆ."

ಒಳ್ಳೆಯ ಉಪಾಯವೇ. ಬೇರೆ ಯಾರಾದರೂ ಹೇಳಿದ್ದರೆ ನಡೆಯುತ್ತಿತ್ತು. ಭಾವನಿಗೆ ಫೋನು ಮಾಡಿ, ದನಿ ಸಾಧ್ಯವಾದಷ್ಟು ಭಾರ ಮಾಡಿಕೊಂಡು ಹೇಳಿದೆ.

"ಏ ಬಿಡಪ್ಪಾ ನೀನು!" ಎಂದರು ಭಾವ. "ಹಂಪಿಗೆ ಹೊಂಟಾಗ ಭೂಕಂಪ ಆಕ್ಕತೆ ಅಂದಿದ್ದಿ. ನಿನ್ನ ಮಾತು ಕೇಳಿದ್ರೆ ನಾವು ಹೊಳೀ ದಂಡಿಗೂ ಹೋಗಂಗಿಲ್ಲ. ಆ ಏಜೆಂಟ್ ಹುಡುಗಿ ನಂಬರ್ ಕೊಡು ಇಲ್ಲಿ, ನಾ ಮಾತಾಡ್ತೀನಿ."

ಕೊಟ್ಟೆ. ಕೊಡುವುದಿಲ್ಲ ಎನ್ನುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಯ ಹಾಲಿನಲ್ಲೇ ಸೇರಿದರು. ಇಬ್ಬರ ವಿಲ್ಲಾ ಹೋಗಿ ಐದು ಕೋಣೆಗಳ ವಿಲ್ಲಾ ಬಂದಿತ್ತು. ಭಾವ ತಮ್ಮ ಮೊಬೈಲಿನಲ್ಲಿದ್ದ ಫೋಟೊಗಳನ್ನು ನಮ್ಮ ಟಿವಿಯಲ್ಲಿ ಹಾಕಿ ತೋರಿಸಿದರು. ಈಜುಕೊಳ ಬಂದಾಗ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಉದ್ದನೆಯ ಕಲ್ಲಿನ ಕಟ್ಟೆ, ಒಲೆ, ಫ್ರಿಜ್ಜು ಕಾಣಿಸಿತು.

"ಅಡಿಗಿಮನಿ ಐತೆ!" ಎಂದು ಅಕ್ಕ ಎದ್ದೇ ನಿಂತಳು. "ಒಳ್ಳೇದಾತು ನೋಡು. ಅವರ ಕೈದು ಏನು ತಿಂದು ಏನು ಮಾಡ್ಕಂತೀವೋ. ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಇಲ್ಲಿಂದ್ಲೇ ಒಯ್ಯಾನ. ಕುಕ್ಕರ್ ಒಂದು ಇಟ್ಕಂಡ್ರೆ ಅನ್ನ ಸಾರು ಆಕ್ಕತೆ." ಚಹಾದ ತಟ್ಟೆ ಹಿಡಿದು ಬಂದ ನನ್ನ ಹೆಂಡತಿಯ ಬೆನ್ನು ಸವರಿ ಹೇಳಿದಳು: "ಇವಳ ಕೈ ಸಾರು ಇದ್ರೆ ಎಲ್ಲಿ ಹೋದ್ರೂ ನಮ್ಮನಿ ಇದ್ದಂಗೇ. ಹೌದಲ್ಲವ್ವಾ?"

ಅಕ್ಕನ ಮಾತಿನಲ್ಲಿ ಕೊಂಕಿರಲಿಲ್ಲ. ಅದು ಪ್ರೀತಿಯೇ. ಅದಕ್ಕೇ ನಾನು ಮಾಡುವಂಥದ್ದು ಏನೂ ಇರಲಿಲ್ಲ. ನನ್ನ ಹೆಂಡತಿ ನಕ್ಕಳು, "ಹೂಂ ಅಕ್ಕಾ" ಎಂದಳು, ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಟಿಕೆಟ್ ಇನ್ನೂ ತೆಗಿಸಿಲ್ಲ. ಕ್ಯಾನ್ಸಲ್ ಅಂದುಬಿಡ್ತೀನಿ."

"ಬ್ಯಾಡ. ಅಷ್ಟು ಆಸೆ ಪಟ್ಟಾರೆ, ಹೋಗ್ಲಿ. ನಾ ಬರಲ್ಲ, ಅಷ್ಟೇ."

"ಅವ್ರಿಗೆ ಏನಂತ ಹೇಳ್ಲಿ?"

"ನೀವೇನೂ ಹೇಳಬ್ಯಾಡ್ರಿ, ನಿಮ್ಮ ಕೈಯಾಗೆ ಆಗಲ್ಲ. ವಿಮಾನ ಹತ್ತಿದ್ರೆ ಕಿವಿಗೆ ತ್ರಾಸು, ಬ್ಯಾಡ ಅಂದ್ರು ಡಾಕ್ಟ್ರು ಅಂತ ನಾನೇ ಹೇಳ್ತೀನಿ."

"ಕಿವಿ ಡಾಕ್ಟ್ರ ಹತ್ರ ಯಾವಾಗ ಹೋಗಿದ್ದಿ?"

"ಹೋಗಿಲ್ಲ."

ನೆಪ ಒಳ್ಳೆಯದಿತ್ತು. ನಮ್ಮ ನೆಂಟರು ದೇವರ ಮಾತಿಗಾದರೂ ಎದುರು ಹೇಳಿಯಾರು, ಡಾಕ್ಟರ ಮಾತಿಗೆ ಹೇಳುವುದಿಲ್ಲ.

"ಹಂಗಾರೆ ನಾನೂ ಉಳಕಂತೀನಿ. ಇಬ್ರೂ ಇಲ್ಲೇ ಇರಾನ."

ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. "ನೀವಿದ್ರೆ ಚಾ ಕೇಳ್ತೀರಿ," ಎಂದಳು. "ಕರದೋರು ನೀವು. ನೀವು ಹೋಗ್ರಿ."

ಉಳಿದದ್ದನ್ನು ಅವಳೇ ಯೋಜಿಸಿದಳು, ನಾನು ಬಾಲಿಯನ್ನು ಯೋಜಿಸಿದ್ದಕ್ಕಿಂತ ಬಹಳ ಅಚ್ಚುಕಟ್ಟಾಗಿ. ಆ ವಾರ ತವರಿಗೆ ಹೋಗುತ್ತೇನೆಂದು ಎಲ್ಲರಿಗೂ ಹೇಳಿದಳು. ತವರಿನವರಿಗೆ ಬಾಲಿಗೆ ಹೋಗುತ್ತೇನೆಂದಳು. ಇನ್ನು ಯಾವ ಕಡೆಯವರಿಗೆ ಯಾವ ಕಾಯಿಲೆ ಬಂದರೂ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ.

"ಮುಂದಿನ ಬಾಗಿಲಿಗೆ ಹೊರಗಿಂದ ಬೀಗ ಹಾಕಿ ಹೋಗ್ರಿ," ಎಂದಳು. "ನನ್ನ ಚಪ್ಲಿ ಒಳಗಿರ್ಲಿ."

"ಗ್ಯಾಸ್ ಲೀಕ್ ಆದ್ರೆ?"

"ಗ್ಯಾಸ್ ಹಚ್ಚಾದೇ ಇಲ್ಲ."

"ಬೆಂಕಿ ಬಿದ್ರೆ?"

"ಹಿತ್ಲ ಬಾಗಿಲು ಐತಲ್ರೀ. ಊಟನೂ ಅಲ್ಲಿಗೇ ತರಿಸ್ಕಂತೀನಿ."

ಹೊರಡುವ ದಿನ ಮಧ್ಯಾಹ್ನ ಟೆಂಪೊ ಟ್ರಾವೆಲರ್ ಗೇಟಿನ ಮುಂದೆ ನಿಂತು ಹಾರ್ನ್ ಹಾಕಿತು. ಒಳಗಿನಿಂದ ಅಕ್ಕ, ಭಾವ, ತಮ್ಮ, ತಮ್ಮನ ಹೆಂಡತಿ, ಅವಳ ತಾಯಿ ಎಲ್ಲರೂ ಕೈ ಬೀಸಿದರು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ನೋಡಿ ಬರುತ್ತೇನೆಂದು ಒಳಗೆ ಹೋದೆ. ಅದನ್ನು ಯಾರೂ ಅನುಮಾನಿಸಲಿಲ್ಲ.

ಹಾಲಿನಲ್ಲಿ ಪರದೆ ಎಳೆದಿತ್ತು, ಫ್ಯಾನು ತಿರುಗುತ್ತಿತ್ತು. ಅವಳು ಸೋಫಾದಲ್ಲಿ ಉದ್ದಕ್ಕೆ ಮಲಗಿ ಕಾಲನ್ನು ಅದರ ತೋಳಿನ ಮೇಲಿಂದ ಇಳಿಬಿಟ್ಟಿದ್ದಳು. ಈ ಮನೆಯಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ಕಂಡು ಏಳಲಿಲ್ಲ. "ಹೋಗಿ ಬರ್ರಿ," ಎಂದು ಪಿಸುಗುಟ್ಟಿದಳು, ಕಣ್ಣು ಮುಚ್ಚಿದಳು.

ನಾನು ಹೊರಗೆ ಬಂದು ಹೆಂಡತಿಯನ್ನು ಒಳಗಿಟ್ಟು ಬೀಗ ಹಾಕಿದೆ. ಜಗ್ಗಿ ನೋಡಿದೆ. ಮತ್ತೆ ಜಗ್ಗಿ ನೋಡಿದೆ.

"ಖಾಲಿ ಮನಿಗೆ ಯಾಕೋ ಅಷ್ಟು ಹೆದರ್ತಿ, ಬಾರೋ!" ಎಂದು ಅಕ್ಕ ಕೂಗಿದಳು.

ಟೆಂಪೊ ಊರು ದಾಟಿ ಹೈವೇಗೆ ಬಿದ್ದ ಮೇಲೆ ಅಕ್ಕ ಏನೋ ಹೊಳೆದವಳಂತೆ ಹಿಂದಕ್ಕೆ ತಿರುಗಿದಳು.

"ಅಲ್ಲೋ, ನಿನ್ನ ಹೆಂಡ್ತಿ ಇಲ್ಲ. ಅಲ್ಲಿ ಬೆಳಗ್ಗೆ ಎದ್ದು ಚಾ ಯಾರು ಮಾಡ್ತಾರೆ?"

"ಬಾಮೈದ ಮಾಡ್ತಾನೆ ಬಿಡು," ಎಂದರು ಭಾವ. "ಕರದೋನು ಅವನೇ ಅಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಭಾವನಿಗೆ ಸಕ್ಕರೆ ಬೇಡ. ಅಕ್ಕನಿಗೆ ಶುಂಠಿ ಬೇಕು, ಆದರೆ ಕುದಿಸಬಾರದು. ತಮ್ಮನಿಗೆ ಲೋಟದ ತುಂಬ. ತಮ್ಮನ ಅತ್ತೆ ಚಹಾ ಮುಟ್ಟುವುದಿಲ್ಲ, ಅವರಿಗೆ ಕಾಫಿ, ಅದೂ ಮುಖ ತೊಳೆಯುವ ಮೊದಲೇ. ನಾನು ಜೇಬಿನಿಂದ ಅಂಗಡಿಯ ಚೀಟಿಯನ್ನೂ ಪೆನ್ನನ್ನೂ ತೆಗೆದೆ.

"ತಡೀರಿ, ತಡೀರಿ," ಎಂದೆ. "ಶುಂಠಿ ಯಾರಿಗಂದ್ರಿ?"