ಅತ್ತೆಯ ರಿಮೋಟು

ಪಕ್ಕದ ಮನೆಯ ನೀಲಮ್ಮನವರು ಮೊನ್ನೆ ಸಂಜೆ ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತು, ನನ್ನ ಮೊಬೈಲಿಗೆ ಇಣುಕಿ ನೋಡಿ ಬಹಳ ನೊಂದುಕೊಂಡರು. ನಾನು ದಿನಾ ಸಂಜೆ ಭಜನೆ ಕೇಳುತ್ತೇನೆಂದು ಅವರು ಇಷ್ಟು ಕಾಲ ನಂಬಿದ್ದರಂತೆ. ತಲೆ ತಗ್ಗಿಸಿ, ಕಣ್ಣು ನೆಟ್ಟು, ತುಟಿ ಅಲುಗಿಸುತ್ತ ಕೂತ ಅರವತ್ತು ದಾಟಿದ ಹೆಂಗಸು ಮತ್ತೇನು ಮಾಡಲು ಸಾಧ್ಯ? ನಾನು ಬಣ್ಣಬಣ್ಣದ ಹಣ್ಣುಗಳನ್ನು ಸಾಲಾಗಿ ಜೋಡಿಸಿ ಒಡೆಯುತ್ತಿದ್ದೆ. ತುಟಿ ಅಲುಗುತ್ತಿದ್ದದ್ದು ಬೈಗುಳಕ್ಕೆ.

“ಅಕ್ಕೋರ, ಸಾಲಿ ಕಲಿಸಿ ರಿಟೈರ್ ಆದವರು ನೀವು. ಈ ವಯಸ್ಸಿನ್ಯಾಗ ವಿಡಿಯೋ ಗೇಮ್ ಏನ್ರಿ?” ಎಂದರು.

“ಹೌದ್ರಿ, ವಿಡಿಯೋ ಗೇಮ್. ತಡೀರಿ, ಇದೊಂದು ಮುಗಿಸಿ ಮಾತಾಡ್ತೀನಿ” ಎಂದೆ. ಮೊದಲಾಗಿದ್ದರೆ ಮೊಬೈಲನ್ನು ಸೆರಗಿನೊಳಗೆ ಸೇರಿಸುತ್ತಿದ್ದೆ. ಆ ಕಾಲ ಹೋಯಿತು. ಈಗ ಕೊಪ್ಪಳದ ಬಸ್‌ಸ್ಟ್ಯಾಂಡಿನ ನಟ್ಟನಡುವೆ ನಿಂತು ಬೇಕಾದರೂ ಹೇಳುತ್ತೇನೆ, ಯಾರಿಗೆ ನೋವಾಗುತ್ತದೋ ಆಗಲಿ.

ನಿವೃತ್ತರಾದ ಮೇಷ್ಟರನ್ನು, ಟೀಚರನ್ನು ಕಂಡರೆ ಜನ ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಮರೆಯಲಾಗದ ಪುಸ್ತಕ ಯಾವುದು, ಮರೆಯಲಾಗದ ವಿದ್ಯಾರ್ಥಿ ಯಾರು. ಮರೆಯಲಾಗದ ವಿಡಿಯೋ ಗೇಮ್ ಯಾವುದು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ನಿಮಗೆ ಹೇಳುತ್ತೇನೆ, ಹತ್ತಿರ ಬನ್ನಿ.

ಮೇಲಿನಿಂದ ಇಟ್ಟಿಗೆ ಬೀಳುವ ಆಟ ಒಂದು. ಬಿದ್ದ ಇಟ್ಟಿಗೆಯನ್ನು ತಿರುಗಿಸಿ, ಸಂದು ಬಿಡದಂತೆ ಕೂರಿಸಬೇಕು. ಇದನ್ನು ಆಡಿದ ದಿನ ನನಗೆ ಅನ್ನಿಸಿದ್ದು, ಇದರಲ್ಲಿ ಆಟವೇನು ಬಂತು, ಮದುವೆಯಾದಾಗಿನಿಂದ ಅಡಿಗೆಮನೆಯ ಗೂಡಿನಲ್ಲಿ ಡಬ್ಬಿ ಜೋಡಿಸುತ್ತ ಮಾಡಿದ್ದು ಇದನ್ನೇ ಅಲ್ಲವೇ ಎಂದು. ವ್ಯತ್ಯಾಸವೆಂದರೆ ಪರದೆಯ ಮೇಲೆ ಸಾಲು ಪೂರ್ತಿಯಾದರೆ ಅಂಕ ಬರುತ್ತದೆ. ಗೂಡು ಪೂರ್ತಿಯಾದರೆ ಇನ್ನೊಂದು ಡಬ್ಬಿ ಬರುತ್ತದೆ. ಎರಡನೆಯದು ಹಳೆಯ ಮೊಬೈಲಿನ ಹಾವಿನಾಟ. ಮುನಿರಾಬಾದಿನಿಂದ ಕೊಪ್ಪಳದ ಶಾಲೆಗೆ ಹೋಗುವ ಬಸ್ಸಿನಲ್ಲಿ ನಿಂತೇ ಆಡುತ್ತಿದ್ದೆ. ತಿಂದಷ್ಟೂ ಉದ್ದವಾಗಿ, ಕೊನೆಗೆ ತನ್ನ ಬಾಲವನ್ನೇ ಕಚ್ಚಿ ಸಾಯುವ ಆ ಹಾವಿನ ಕತೆಯನ್ನು ದುರಾಸೆಯ ಪಾಠಕ್ಕೆ ಎಷ್ಟು ಸಲ ಬಳಸಿಕೊಂಡಿದ್ದೇನೋ. ಮಕ್ಕಳು ಅದನ್ನು ಯಾವುದೋ ಪುರಾಣದ್ದೆಂದು ತಿಳಿದು ಕೈಮುಗಿಯುವುದೊಂದು ಬಾಕಿ.

ಆದರೆ ನಿಜವಾಗಿ ಮರೆಯಲಾಗದ್ದು ಟ್ಯಾಂಕ್ ಆಟ. ಅದನ್ನು ಹೇಳಬೇಕಾದರೆ ನಮ್ಮ ಅತ್ತೆ ಹನುಮವ್ವನನ್ನು ಹೇಳಬೇಕು.

ನನ್ನ ಗಂಡ ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಮುನಿರಾಬಾದಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ತೊಂಬತ್ತೆಂಟರಲ್ಲಿ ಹೊಳೆಯಾಚೆಯ ಹೊಸಪೇಟೆಯಿಂದ ಮಗನಿಗೆಂದು ಒಂದು ಟಿವಿ ಗೇಮ್ ತಂದರು, ಟಿವಿಗೆ ಸಿಕ್ಕಿಸಿ ವೈರಿನ ಎರಡು ರಿಮೋಟು ಹಿಡಿದು ಆಡುವಂಥದು. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಆಟ ಎಂದು ಬರೆದಿತ್ತು. ಒಳಗಿದ್ದವು ಬೆರಳೆಣಿಕೆಯಷ್ಟು. ಅವೇ ಪಂಚಾಯ್ತಿ ಚುನಾವಣೆಯ ಅಭ್ಯರ್ಥಿಗಳ ಹಾಗೆ ಬೇರೆ ಬೇರೆ ನಂಬರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಬೇಸಿಗೆ ರಜೆಗೆ ಮಗ ಕುಷ್ಟಗಿಗೆ, ನನ್ನ ಅಣ್ಣನ ಮನೆಗೆ ಹೋದ. ಅದೇ ಹೊತ್ತಿಗೆ ಮೊಣಕಾಲು ನೋವೆಂದು ಅತ್ತೆ ಇರಕಲ್ಲಗಡದಿಂದ ನಮ್ಮಲ್ಲಿಗೆ ಬಂದರು.

ಅತ್ತೆಗೂ ನನಗೂ ಅಷ್ಟಕ್ಕಷ್ಟೆ. ನೌಕರಿ ಮಾಡುವ ಸೊಸೆ, ರೊಟ್ಟಿಯನ್ನು ಪಕ್ಕದವರಿಂದ ಮಾಡಿಸಿ ತರಿಸುವ ಸೊಸೆ. ಅವರು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ತಾಟಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು. ಗಂಡ ಆಫೀಸಿಗೆ ಹೋದ ಮೇಲೆ ಆ ಬಿಸಿಲಿನ ಮಧ್ಯಾಹ್ನಗಳಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೊಂದು ಸದ್ದಿರುತ್ತಿರಲಿಲ್ಲ. ಹೀಗೇ ಒಂದು ದಿನ ಬೇಸರ ತಡೆಯಲಾರದೆ, ಮಗ ಷೋಕೇಸಿನ ಮೇಲೆ ಇಟ್ಟುಹೋಗಿದ್ದ ಟಿವಿ ಗೇಮನ್ನು ಇಳಿಸಿದೆ.

ಅದರಲ್ಲಿದ್ದ ಟ್ಯಾಂಕ್ ಆಟದಲ್ಲಿ ಪರದೆಯ ಕೆಳತುದಿಗೆ, ಇಟ್ಟಿಗೆಯ ಸಣ್ಣ ಗೂಡಿನೊಳಗೆ ಒಂದು ಹಕ್ಕಿ ಇರುತ್ತದೆ. ವೈರಿಗಳ ಟ್ಯಾಂಕುಗಳು ಮೇಲಿನಿಂದ ಇಳಿದು ಬರುತ್ತವೆ. ಅವು ಹಕ್ಕಿಯನ್ನು ಹೊಡೆದರೆ ಆಟ ಮುಗಿಯಿತು. ನಾನು ನನ್ನ ಟ್ಯಾಂಕನ್ನು ಉತ್ಸಾಹದಿಂದ ಮೇಲಕ್ಕೆ ಓಡಿಸಿದೆ. ಹಿಂದಿನ ಮಂಚದಿಂದ ದನಿ ಬಂತು.

“ಆ ಹಕ್ಕಿ ಯಾರದವಾ?”

“ನಮ್ದರೀ ಅತ್ತಿ.”

“ನಮ್ದಾದ್ರ ಅದನ್ನ ಬಿಟ್ಟು ಎಲ್ಲಿಗೆ ಹೊಂಟಿ?”

ನಾನು ಟ್ಯಾಂಕು ತಿರುಗಿಸುವಷ್ಟರಲ್ಲಿ ಹಕ್ಕಿ ಸತ್ತಿತ್ತು. ಅತ್ತೆ ಮಂಚದಿಂದ ಇಳಿದರು. ಮೊಣಕಾಲು ನೋವೆಂದು ಬಂದವರು, ಎಷ್ಟು ಚುರುಕಾಗಿ ಇಳಿದರೆಂದರೆ ಡಾಕ್ಟರು ನೋಡಿದ್ದರೆ ಗುಳಿಗೆ ನಿಲ್ಲಿಸುತ್ತಿದ್ದರು. ನನ್ನ ಎಡಕ್ಕೆ ಚಾಪೆಯ ಮೇಲೆ ಕೂತು, “ಇನ್ನೊಂದು ಐತಲ್ಲ, ಕೊಡು. ನೀ ಹೋಗಿ ಬಡದು ಬಾ, ಇದನ್ನ ನಾ ಕಾಯ್ತೀನಿ” ಎಂದರು.

ಅಂದಿನಿಂದ ಎರಡನೆಯ ರಿಮೋಟು ಅತ್ತೆಯದಾಯಿತು. ಅದರಲ್ಲಿ ಚಾಲೂ ಮಾಡುವ ಗುಂಡಿ ಇರಲಿಲ್ಲ. ಆಟ ಶುರು ಮಾಡುವುದು, ನಿಲ್ಲಿಸುವುದು ಎರಡೂ ಒಂದನೆಯದರಿಂದಲೇ. ಹಾಗಾಗಿ ಊಟ ಮುಗಿದೊಡನೆ ಚಾಪೆಯ ಮೇಲೆ ಹೋಗಿ ಕೂತು, ಪಾತ್ರೆ ತೊಳೆಯುವ ನನ್ನನ್ನು ಕೂಗುವರು: “ಬಾರವಾ, ಚಾಲೂ ಮಾಡ ಬಾ. ಭಾಂಡೆ ಎಲ್ಲಿ ಓಡಿ ಹೊಕ್ಕಾವ?” ಜಗತ್ತಿನಲ್ಲಿ ಸೊಸೆಗೆ ಪಾತ್ರೆ ಬಿಟ್ಟು ಬಾ ಎಂದ ಅತ್ತೆಯರ ಪಟ್ಟಿ ಮಾಡಿದರೆ ಅದು ಬಹಳ ಉದ್ದವೇನೂ ಆಗಲಾರದು.

ಅವರು ಹಕ್ಕಿಯನ್ನು ಬಿಟ್ಟು ಒಂದು ಹೆಜ್ಜೆ ಕದಲುತ್ತಿರಲಿಲ್ಲ. “ಹುಟ್ಟಿದಾಗಿಂದ ಜ್ವಾಳದ ಹೊಲದಾಗ ನಿಂತು ಹಕ್ಕಿ ಹೊಡದೀನಿ. ಈಗ ಹಕ್ಕಿ ಕಾಯೋದು ಬಂತು ನೋಡು ಹಣೆಬರಹ” ಎಂದು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆ ಆಟದಲ್ಲಿ ಜೊತೆಗಾರನ ಗುಂಡು ತಗುಲಿದರೆ ಸಾವಿಲ್ಲ, ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲಬೇಕಾಗುತ್ತದೆ. ಇದು ಅತ್ತೆಗೆ ಗೊತ್ತಾದ ದಿನದಿಂದ ನಮ್ಮ ಮನೆಯ ನ್ಯಾಯ ಪಂಚಾಯ್ತಿ ಅಲ್ಲಿಗೇ ಬಂತು. ಸಾರಿಗೆ ಉಪ್ಪು ಹೆಚ್ಚಾದ ದಿನ ಬೆನ್ನಿಗೆ ಗುಂಡು. ನಾನು ತವರಿನವರ ಜೊತೆ ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಿದ ದಿನ ಎರಡು. “ನಿಂದ್ರು ಸ್ವಲ್ಪ” ಎನ್ನುವರು. ನಿಲ್ಲುತ್ತಿದ್ದೆ. ಸಂದರ್ಭ ನೋಡಿ ನಾನೂ ಅವರಿಗೆ ಒಂದು ಹೊಡೆಯುತ್ತಿದ್ದೆ. ರೊಟ್ಟಿಯನ್ನು ಬೆಳಕಿಗೆ ಹಿಡಿಯುವುದು ತಾನಾಗಿ ನಿಂತುಹೋಯಿತು.

ಆಡುತ್ತ ಆಡುತ್ತ ಅವರು ಹೇಳುತ್ತಿದ್ದ ಮಾತುಗಳನ್ನು ಮಂಚದ ಮೇಲೆ ಕೂತು ಎಂದೂ ಹೇಳುತ್ತಿರಲಿಲ್ಲ. ಕಣ್ಣು ಪರದೆಯ ಮೇಲಿದ್ದರೆ ಬಾಯಿ ಹಗುರಾಗುತ್ತದೆಯೋ ಏನೋ. “ಇದು ಛಲೋ ಐತಿ. ಎಷ್ಟು ಸಲ ಸತ್ತು ಹುಟ್ಟಿದ್ರೂ ಯಾರೂ ರೊಟ್ಟಿ ಮಾಡು ಅನ್ನಂಗಿಲ್ಲ” ಎಂದಿದ್ದರು ಒಮ್ಮೆ. ಇನ್ನೊಮ್ಮೆ, ಪಕ್ಕದ ಮನೆಯಿಂದ ಬೇಳೆ ಬೇಯುವ ವಾಸನೆ ಬಂದಾಗ, “ನನಗ ಹೋಳಿಗಿ ಸೇರಂಗಿಲ್ಲವಾ. ಹಬ್ಬಕ್ಕೊಮ್ಮೆ ಬುಟ್ಟಿಗಟ್ಟಲೆ ಮಾಡೀನಿ. ಸೇರ್ತೈತೇನು ಅಂತ ಯಾರೂ ಕೇಳಿಲ್ಲ” ಎಂದರು. ನಾನೂ ಕೇಳಿರಲಿಲ್ಲ.

ಅವರ ಹಿರಿಯ ಮಗ, ಅಂದರೆ ನಮ್ಮ ಭಾವನವರು, ಹುಣ್ಣಿಮೆಗೆ ಪಕ್ಕದೂರು ಹುಲಿಗಿಯ ಅಮ್ಮನ ದರ್ಶನಕ್ಕೆ ಬಂದವರು ನಮ್ಮಲ್ಲಿ ಇಳಿಯುತ್ತಿದ್ದರು. ಹಣೆಯ ತುಂಬ ಭಂಡಾರ, ಮುಖದ ತುಂಬ ಗಾಂಭೀರ್ಯ. ಮೊದಲ ಸಲ ನಾವು ಆಡುವುದನ್ನು ನೋಡಿ, “ಯವ್ವಾ, ಇದು ನಿನ್ನ ವಯಸ್ಸಿಗೆ ತಕ್ಕ ಕೆಲಸೇನ?” ಎಂದರು. ಅತ್ತೆ ತಿರುಗಿ ಕೂಡ ನೋಡದೆ, “ನಿನ್ನ ವಯಸ್ಸಿಗೆ ಪೇಪರ್ ತಕ್ಕದ್ದು. ಅಲ್ಲೈತಿ, ಓದು” ಎಂದರು. ಅವರು ಪೇಪರನ್ನು ಅಗಲಿಸಿ ಹಿಡಿದು ಅದರ ಹಿಂದೆ ಕೂತರು. ಮುಂದೆ ಯಾವಾಗ ಬಂದರೂ ಅದೇ ಪೇಪರು, ಅದೇ ಕುರ್ಚಿ. ಒಂದು ಸಲವೂ ಮುಖ ಹೊರಗೆ ಬಂದದ್ದು ನಾನು ಕಾಣೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಟೀಚರ ಹಳೆಯ ಚಟ. ವಿರೂಪಾಪುರಗಡ್ಡೆಯ ಕಡೆಗೋ ಹೊಳೆಯಾಚೆಯ ಹಳೇ ಗುಡಿಗಳಿಗೋ ಹೋದರೆ ಬಂಡೆಗಳ ಮೇಲೆ, ಮಂಟಪದ ಕಲ್ಲುಹಾಸಿನ ಮೇಲೆ ಗೆರೆ ಕೊರೆದಿರುವುದನ್ನು ನೋಡಬಹುದು. ಹುಲಿ-ಕುರಿ ಆಟದ ಮನೆಗಳವು. ಯಾರೋ ಕಾವಲುಗಾರ, ಕಾಯುವುದು ಬಿಟ್ಟು ಕೂತು ಕೊರೆದದ್ದಿರಬೇಕು. ಅವನ ಹೆಂಡತಿಯೂ ಮೇಲಧಿಕಾರಿಯೂ ಅವನಿಗೆ ಆಗ ಉಗಿದೇ ಇರುತ್ತಾರೆ. ಇವತ್ತು ಜನ ಊರೂರಿನಿಂದ ಬಂದು, ಬಗ್ಗಿ ಅದೇ ಗೆರೆಗಳ ಫೋಟೋ ತೆಗೆಯುತ್ತಾರೆ. ಆಟಕ್ಕೆ ಐನೂರು ವರ್ಷವಾದರೆ ಪರಂಪರೆ, ಐದು ವರ್ಷವಾದರೆ ದುಶ್ಚಟ. ನನಗೆ ಐನೂರು ವರ್ಷ ಕಾಯುವ ತಾಳ್ಮೆ ಇಲ್ಲ, ಅದಕ್ಕೇ ಈಗಲೇ ಆಡುತ್ತೇನೆ.

ಅತ್ತೆ ಕೆಲವು ವರ್ಷ ಹೀಗೆ ಊರಿಗೂ ನಮ್ಮಲ್ಲಿಗೂ ಓಡಾಡಿಕೊಂಡಿದ್ದು, ಒಂದು ಚಳಿಗಾಲದಲ್ಲಿ ಊರಿನಲ್ಲೇ ತೀರಿಕೊಂಡರು. ಮರುವರ್ಷ ಮಾನವಮಿ ಅಮಾವಾಸ್ಯೆಗೆ ನಾವೆಲ್ಲ ಇರಕಲ್ಲಗಡದಲ್ಲಿ ಸೇರಿದೆವು. ಅಂದು ಹಿರಿಯರ ಫೋಟೋಗಳ ಮುಂದೆ ಅವರವರಿಗೆ ಪ್ರಿಯವಾದದ್ದನ್ನು ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಮಾವನವರ ಮುಂದೆ ಬೀಡಿಯ ಕಟ್ಟು, ಬೆಂಕಿಪೊಟ್ಟಣ. ದೊಡ್ಡಮಾವನ ಮುಂದೆ ಇಸ್ಪೀಟಿನ ಕಟ್ಟು. ಆ ಪುಣ್ಯಾತ್ಮ ಎಲೆ ಹಿಡಿದು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲವಂತೆ. ಇದನ್ನು ಎಲ್ಲರೂ ಅಭಿಮಾನದಿಂದಲೇ ಹೇಳುತ್ತಾರೆ. ಅತ್ತೆಯ ಮುಂದೆ ಹಸಿರು ಸೀರೆ, ಮತ್ತೆ ಹೋಳಿಗೆಯ ರಾಶಿ.

“ಅವ್ವಗ ಹೋಳಿಗಿ ಅಂದ್ರ ಪ್ರಾಣ” ಎಂದರು ಯಾರೋ.

ಒಬ್ಬ ಹೆಂಗಸು ಸತ್ತ ಒಂದೇ ವರ್ಷದಲ್ಲಿ ಅವಳನ್ನು ಅಳಿಸಿ, ಆ ಜಾಗದಲ್ಲಿ ಬೇರೆ ಯಾವಳನ್ನೋ ಕೂರಿಸುತ್ತಿದ್ದಾರೆ, ಅದೂ ಇಷ್ಟು ಪ್ರೀತಿಯಿಂದ! ನಾನು ಚೀಲಕ್ಕೆ ಕೈ ಹಾಕಿ ರಿಮೋಟು ತೆಗೆದೆ. ತರುವಾಗಲೇ ಜಗಳಕ್ಕೆ ತಯಾರಾಗಿ ತಂದಿದ್ದೆ. ಹಾಗೆಂದು ನನ್ನ ಧೈರ್ಯವನ್ನು ಹೊಗಳಬೇಡಿ. ಅತ್ತೆಯ ರಿಮೋಟಿನ ವೈರು ಕಿತ್ತು ಕರೀ ಟೇಪು ಸುತ್ತಿತ್ತು, ಗುಂಡಿಯ ರಬ್ಬರು ಸವೆದಿತ್ತು. ನಾಲ್ಕು ಜನರ ಮುಂದೆ ಇಡಲು ಚೆನ್ನಾಗಿರಲೆಂದು ನಾನು ಕೈಗೆತ್ತಿಕೊಂಡದ್ದು ಹೊಳೆಯುವ ಒಂದನೆಯದನ್ನು. ಮಂದಿ ಏನಂದಾರು ಎಂಬ ಹುಳ ದಂಗೆ ಎದ್ದವರ ತಲೆಯಲ್ಲೂ ಒಂದು ಮೂಲೆ ಹಿಡಿದು ಮಲಗಿರುತ್ತದೆ.

“ಆಟದ ಸಾಮಾನು ಎಡಿಗೆ ಇಡೂದೇನವಾ? ಮಂದಿ ನಗ್ತಾರ” ಎಂದರು ಭಾವನವರು.

“ದೊಡ್ಡಮಾವಗ ಇಸ್ಪೀಟು ಇಟ್ಟೀರಿ. ಅದು ಆಟ ಅಲ್ಲೇನ್ರಿ ಭಾವಾರ?”

“ಅವರ ಮಾತು ಬ್ಯಾರೆ. ಅವರು ಗಂಡಸರು.”

“ಅಂದ್ರ ಗಂಡಸರಿಗೆ ಸತ್ತ ಮ್ಯಾಲೂ ಆಟ, ಹೆಣ್ಮಕ್ಕಳಿಗೆ ಸತ್ತ ಮ್ಯಾಲೂ ಹೋಳಿಗಿ ಏನ್ರಿ? ಅತ್ತಿಗೆ ಹೋಳಿಗಿ ಸೇರ್ತಿರಲಿಲ್ಲ. ನನ್ನ ಮುಂದ ಬಾಯಿಬಿಟ್ಟು ಹೇಳ್ಯಾರ.”

ನನ್ನ ಗಂಡ ಬಾಗಿಲಿಗೆ ಮಾವಿನೆಲೆ ಕಟ್ಟುವ ನೆಪದಲ್ಲಿ ಹೊರಗೆ ಹೋದರು. ಅದು ಮುಂಜಾನೆಯೇ ಕಟ್ಟಿ ಆಗಿತ್ತು. ಯಾರು ಬೇಕಾದರೂ ಏನು ಬೇಕಾದರೂ ಅಂದುಕೊಳ್ಳಲಿ ಎಂದು ನಾನು ಹೋಳಿಗೆಯ ತಾಟನ್ನು ಪಕ್ಕಕ್ಕೆ ಸರಿಸಿ ರಿಮೋಟನ್ನು ಅತ್ತೆಯ ಫೋಟೋದ ಮುಂದೆ ಇಟ್ಟೆ.

ಭಾವನವರು ಬಗ್ಗಿ ಅದನ್ನು ನೋಡಿದರು. “ಅದಲ್ಲವಾ ಅವ್ವಂದು” ಎಂದರು. “ಅದು ನಿಂದು. ಅವ್ವಂದು ಕರೀ ಟೇಪಿಂದು.”

ವರ್ಷಗಟ್ಟಲೆ ಪೇಪರಿನ ಹಿಂದೆ ಕೂತ ಆ ಮನುಷ್ಯ ಎಷ್ಟು ಪೇಪರು ಓದಿದ್ದರೋ ದೇವರೇ ಬಲ್ಲ. ಎರಡನೆಯದೂ ಚೀಲದಲ್ಲೇ ಇತ್ತು. ವೈರುಗಳು ಒಂದಕ್ಕೊಂದು ಸುತ್ತಿಕೊಂಡು ಬಿಡಿಸಲು ಬಾರದೆ ಎರಡನ್ನೂ ತುಂಬಿಕೊಂಡು ಬಂದಿದ್ದೆ. ಭಾವನವರೇ ಕೂತು ಗಂಟು ಬಿಡಿಸಿದರು. ಟೇಪಿನದನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋದ ಮುಂದೆ, ಸ್ವಲ್ಪ ಎಡಕ್ಕೆ ಇಟ್ಟರು. ಅತ್ತೆ ಕೂಡುತ್ತಿದ್ದದ್ದು ನನ್ನ ಎಡಕ್ಕೇ.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಸುಮ್ಮನೆ ಕಾಯಬೇಕು. ಕಾದೆವು. ಹಸಿದ ಮಕ್ಕಳು ಗುಸುಗುಸು ಮಾಡತೊಡಗಿದವು. ಮನೆಯ ಹಿರಿಯರೊಬ್ಬರು, “ಸಾಕು, ಬಾಗಲಾ ತಗೀರಿ, ಉಂಡಿರ್ತಾರ” ಎಂದು ಎದ್ದರು.

ಭಾವನವರು ಬಾಗಿಲಿಗೆ ಅಡ್ಡ ಕೈ ಇಟ್ಟು, “ತಡೀರಿ. ಅವ್ವನ ಆಟ ಇನ್ನಾ ಮುಗದಿಲ್ಲ” ಎಂದರು.

ಈ ಕತೆಯನ್ನು ನೀಲಮ್ಮನವರಿಗೂ ಹೇಳಿದೆ. ಎಲ್ಲ ಕೇಳಿ ಕಣ್ಣೊರೆಸಿಕೊಂಡು, “ಆದ್ರೂ ನೀವು ಜಪ ಮಾಡೂದು ಛಲೋರಿ ಅಕ್ಕೋರ” ಎಂದು ಎದ್ದುಹೋದರು. ಇರಲಿ. ನನ್ನ ಮಗನಿಗೆ ಹೇಳಿಟ್ಟಿದ್ದೇನೆ. ನನ್ನ ಎಡೆಗೆ ಸೀರೆ ಬೇಡ, ಹೋಳಿಗೆಯಂತೂ ಬೇಡವೇ ಬೇಡ, ಒಂದನೆಯ ರಿಮೋಟು ಇಡು, ಚಾಲೂ ಮಾಡುವ ಗುಂಡಿ ಇರುವುದು ಅದರಲ್ಲೇ. ಆದರೆ ಅವಸರವೇನಿಲ್ಲ. ಹಕ್ಕಿಯ ಹತ್ತಿರ ಅತ್ತೆ ಇದ್ದಾರೆ. ನಾನು ಇನ್ನೂ ಕೆಲವು ಕಾಲ ಇಲ್ಲೇ ಬಡಿದಾಡಿ ಬರುತ್ತೇನೆ.